ಫೋನಿನಲ್ಲಿ ಕಾಣದ ಮರೆವು

ನೀವು ಊರು ಬಿಟ್ಟು ಈ ದೇಶಕ್ಕೆ ಬಂದು ಇನ್ನೂ ಕೆಲವೇ ತಿಂಗಳಾಗಿದೆ. ಬಾಡಿಗೆ ಮನೆ, ಬ್ಯಾಂಕು, ತೆರಿಗೆ, ಕೆಲಸ ಎಲ್ಲದರ ಬಗ್ಗೆಯೂ ಕೇಳಿದ್ದೀರಿ. ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದೀರಿ. ಅಮ್ಮ ಫೋನಿನಲ್ಲಿ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಅಪ್ಪನನ್ನು ವಿಚಾರಿಸಿದರೆ "ವಯಸ್ಸಾಯ್ತಲ್ಲ, ಬಿಡು" ಅನ್ನುತ್ತಾರೆ, ಅಮ್ಮನನ್ನು ಇಲ್ಲಿಗೇ ಕರೆಸಿಕೊಂಡು ತೋರಿಸಲಾ ಅಂತ. ಉಳಿದ ಪ್ರಶ್ನೆಗಳಿಗೆ ಆಮೇಲೆ ಬರೆಯುತ್ತೇನೆ. ಅವು ಕಾಯುತ್ತವೆ. ಇದು ಕಾಯುವ ವಿಷಯ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯೆ ಅಲ್ಲ. ಆದರೆ ನಮ್ಮ ಅತ್ತೆಯವರಿಗೆ ಡಿಮೆನ್ಶಿಯಾ ಇತ್ತು, ಅಂದರೆ ನೆನಪು, ಯೋಚನೆ, ನಡವಳಿಕೆ ನಿಧಾನವಾಗಿ ಕೆಡುತ್ತಾ ಹೋಗುವ ಮಿದುಳಿನ ಕಾಯಿಲೆ. ದೂರದಲ್ಲಿದ್ದುಕೊಂಡೇ ಅದನ್ನು ನೋಡಿದ್ದೇನೆ, ಓದಿಕೊಂಡಿದ್ದೇನೆ. ನಿಮ್ಮ ಅಮ್ಮನಿಗೆ ಆ ಕಾಯಿಲೆ ಇಲ್ಲದೇ ಇರಬಹುದು. ಒಂದೇ ಪ್ರಶ್ನೆ ಎರಡು ಸಲ ಕೇಳಿದ ಮಾತ್ರಕ್ಕೆ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ "ವಯಸ್ಸಾಯ್ತು" ಅನ್ನುವುದು ಪರೀಕ್ಷೆ ಮಾಡಿಸಿದ ಮೇಲೆ ಹೇಳುವ ಮಾತು. ಪರೀಕ್ಷೆಯ ಬದಲಿಗೆ ಹೇಳುವ ಮಾತಲ್ಲ.

ಈ ಕಾಯಿಲೆ ತಡವಾಗಿ ಗೊತ್ತಾಗುವುದು ನಮ್ಮಂಥ ದೂರ ಇರುವವರ ಮನೆಗಳಲ್ಲಿ ಮಾತ್ರ ಅಲ್ಲ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2025ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಮೊದಲ ಲಕ್ಷಣ ಕಂಡಾಗಿನಿಂದ ರೋಗ ಗೊತ್ತಾಗುವವರೆಗೆ ಸರಾಸರಿ ಮೂರೂವರೆ ವರ್ಷ ಹಿಡಿಯುತ್ತದೆ. ಇನ್ನೂ ಚಿಕ್ಕ ವಯಸ್ಸಿನಲ್ಲಿ ಶುರುವಾದರೆ ನಾಲ್ಕು ವರ್ಷ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ 5.7 ಕೋಟಿ ಜನರಿಗೆ ಡಿಮೆನ್ಶಿಯಾ ಇತ್ತು. ಅದೇ ವರ್ಷ ಅಲ್‌ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಕೊಟ್ಟ ಅಂದಾಜು ಏನೆಂದರೆ, ಇಂಥವರಲ್ಲಿ ನಾಲ್ಕರಲ್ಲಿ ಮೂವರಿಗೆ ರೋಗ ಇದೆ ಅಂತ ಯಾರೂ ಹೇಳಿಯೇ ಇಲ್ಲ.

ಯಾಕೆ ಹೀಗೆ? ನಿಮಗೆ ಹತ್ತಿರದ ಕಾರಣದಿಂದಲೇ ಶುರು ಮಾಡುತ್ತೇನೆ. ಫೋನು.

ನಾವು ಫೋನಿನಲ್ಲಿ ಏನು ಮಾತಾಡುತ್ತೇವೆ ಅಂತ ಸ್ವಲ್ಪ ಯೋಚಿಸಿ. ಹೇಗಿದ್ದೀಯಾ, ಮಲಗಿದ್ಯಾ, ಕೆಲಸ ಜಾಸ್ತಿನಾ, ಮಕ್ಕಳು ಏನು ಮಾಡ್ತಿದ್ದಾರೆ. ಇವೆಲ್ಲ ನಾಲಿಗೆಗೆ ರೂಢಿಯಾದ ಮಾತುಗಳು. ಡಿಮೆನ್ಶಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆ ಅಲ್‌ಝೈಮರ್ ಕಾಯಿಲೆ. ಅದರಲ್ಲಿ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಹೊಸ ನೆನಪನ್ನು ಕೂಡಿಡುವ ಭಾಗಕ್ಕೆ. ಹಳೆಯ ನೆನಪು, ಮಾತಿನ ಧಾಟಿ, ಮರ್ಯಾದೆ, ಪ್ರೀತಿ ಎಲ್ಲ ಬಹಳ ಕಾಲ ಹಾಗೇ ಇರುತ್ತವೆ. ಅಂದರೆ ಹತ್ತು ನಿಮಿಷದ ಫೋನಿಗೆ ಏನೇನು ಬೇಕೋ ಅದಷ್ಟೂ ಬಹಳ ಕಾಲ ಉಳಿಯುವಂಥದ್ದೇ. "ನಲವತ್ತು ವರ್ಷದ ಹಿಂದಿನದ್ದನ್ನೆಲ್ಲ ಹೇಳ್ತಾರೆ, ಇವರಿಗೆಲ್ಲಿ ಮರೆವು?" ಅಂತ ಜನ ಸಮಾಧಾನ ಮಾಡುತ್ತಾರೆ. ಹಳೆಯದು ನೆನಪಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ನಿನ್ನೆಯದು ನೆನಪಿದೆಯಾ ಅಂತ ನೋಡಬೇಕು.

ನಮ್ಮ ಅತ್ತೆಯವರು ಫೋನಿನಲ್ಲಿ ಒಂದು ದಿನವೂ ತಡವರಿಸಿದವರಲ್ಲ. ಉತ್ತರ ಗೊತ್ತಿಲ್ಲದಿದ್ದರೆ ನಕ್ಕು "ಅದೆಲ್ಲ ನಿಮ್ಮ ಮಾವನ್ನ ಕೇಳು" ಅನ್ನುತ್ತಿದ್ದರು. ಮನೆಗೆ ಹೋಗಿ ಜೊತೆಗಿದ್ದಾಗ ಕಂಡದ್ದೇ ಬೇರೆ. ಒಂದೇ ಕರೆಂಟ್ ಬಿಲ್ಲಿಗೆ ಎರಡು ರಸೀದಿ. ತೆಗೆಯದೇ ಉಳಿದ ಮಾತ್ರೆ ಹಾಳೆಗಳು. ಅವರು ಪ್ರೀತಿಯಿಂದ ಮಾಡುತ್ತಿದ್ದ ಹೊಲಿಗೆ ಅರ್ಧಕ್ಕೆ ನಿಂತಿತ್ತು. ಯಾಕೆ ಅಂತ ಕೇಳಿದರೆ ಕಣ್ಣು ನೋವು ಅಂದರು. ಕಣ್ಣಿಗೆ ಏನೂ ಆಗಿರಲಿಲ್ಲ. ಮುಂದಿನ ಹೆಜ್ಜೆ ಏನು ಅನ್ನುವುದು ಅವರಿಗೆ ಹೊಳೆಯುತ್ತಿರಲಿಲ್ಲ.

ಎರಡನೆಯ ಕಾರಣ ಜೊತೆಯಲ್ಲಿರುವವರು. ನಿಮ್ಮ ಅಪ್ಪ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನುವುದಿಲ್ಲ. ಗಂಡ ಹೆಂಡತಿ ಬಹಳ ಕಾಲ ಜೊತೆಗಿದ್ದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿಕೊಂಡು ಹೋಗುತ್ತಾರೆ. ಇವತ್ತು ಬಿಲ್ಲು ಕಟ್ಟುತ್ತಾರೆ, ನಾಳೆ ಮಾತ್ರೆ ಎಣಿಸಿ ಕೊಡುತ್ತಾರೆ, ಆಮೇಲೆ ಮಾತು ತಪ್ಪಿದಾಗ ಪಕ್ಕದಿಂದ ಹೇಳಿಕೊಡುತ್ತಾರೆ. ಎಷ್ಟು ನಿಧಾನ ಅಂದರೆ ತಾವು ಏನೇನು ವಹಿಸಿಕೊಂಡಿದ್ದೇವೆ ಅನ್ನುವುದು ಅವರಿಗೇ ಗೊತ್ತಿರುವುದಿಲ್ಲ. ಒಂದು ದಿನ ಆ ಗಂಡನೋ ಹೆಂಡತಿಯೋ ಆಸ್ಪತ್ರೆ ಸೇರುತ್ತಾರೆ, ಇಲ್ಲ ತೀರಿಹೋಗುತ್ತಾರೆ. ಆಗ ಉಳಿದವರ ಸ್ಥಿತಿ ಬಯಲಾಗುತ್ತದೆ. "ದುಃಖಕ್ಕೆ ಹೀಗಾಗಿಬಿಟ್ಟರು" ಅಂತ ನೆಂಟರು ಹೇಳುತ್ತಾರೆ. ಕಾಯಿಲೆ ಅದಕ್ಕೂ ಎಷ್ಟೋ ಮೊದಲಿನದು. ಅಲ್‌ಝೈಮರ್‌ನಲ್ಲಿ ಮಿದುಳಿನೊಳಗಿನ ಬದಲಾವಣೆ ಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮೊದಲೇ ಶುರುವಾಗಿರುತ್ತದೆ.

ಕಾಯಿಲೆ ಬಂದವರೂ ಹೇಳುವುದಿಲ್ಲ. ಕೆಲವರಿಗೆ ಒಳಗೊಳಗೇ ಗೊತ್ತಿರುತ್ತದೆ, ಹೆದರಿಕೆಯಿಂದ ಮುಚ್ಚಿಡುತ್ತಾರೆ. ಇನ್ನು ಕೆಲವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ನನಗೇನೋ ಆಗಿದೆ ಅಂತ ಗುರುತಿಸಬೇಕಾದ ಮಿದುಳೇ ಕೆಟ್ಟಿರುತ್ತದೆ. "ನನಗೇನಾಗಿದೆ? ನಿಮಗೇ ತಲೆ ಕೆಟ್ಟಿದೆ" ಅಂದಾಗ ಅದನ್ನು ಹಟ ಅಂದುಕೊಳ್ಳಬೇಡಿ. ಅದೂ ಕಾಯಿಲೆಯ ಭಾಗವೇ ಇರಬಹುದು. ಸುತ್ತಲಿನವರಿಗೆ ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ಹೇಗೂ ಇದೆ. ಅದನ್ನು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ.

ಡಿಮೆನ್ಶಿಯಾ ಎಂದರೆ ಮರೆವು ಅಂತ ಮಾತ್ರ ತಿಳಿದಿರುವುದೂ ತಡಕ್ಕೆ ಕಾರಣ. ಅಲ್‌ಝೈಮರ್ ಕಾಯಿಲೆಗೆ ಆ ಹೆಸರು ಬರಲು ಕಾರಣವಾದ ಮೊದಲ ರೋಗಿಯನ್ನೇ ನೋಡಿ. ಆಗಸ್ಟೆ ಡೀಟರ್ ಎಂಬ ಹೆಂಗಸು, ವಯಸ್ಸು 51. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಸೇರಿದರು. ಡಾಕ್ಟರ್ ಅಲೋಯಿಸ್ ಅಲ್‌ಝೈಮರ್ 1906ರಲ್ಲಿ ಅವರ ಕಥೆಯನ್ನು ಸಹವೈದ್ಯರ ಮುಂದಿಟ್ಟರು. ಆಕೆಯಲ್ಲಿ ಮೊದಲು ಎದ್ದು ಕಂಡ ಲಕ್ಷಣ ಗಂಡನ ಮೇಲಿನ ಸಂಶಯ. ಮರೆವು ಬೇಗನೆ ಹಿಂದೆಯೇ ಬಂತು. ಈಗಲೂ ಎಷ್ಟೋ ಮನೆಗಳಲ್ಲಿ ಹೀಗೇ ಶುರುವಾಗುತ್ತದೆ. ನನ್ನ ದುಡ್ಡು ಕದ್ದಿದ್ದಾರೆ ಅನ್ನುವುದು, ಮಾತು ಬಿಡುವುದು, ಎಲ್ಲದರಲ್ಲೂ ಆಸಕ್ತಿ ಕಳೆದುಕೊಳ್ಳುವುದು. ಫ್ರಂಟೋಟೆಂಪೊರಲ್ ಅನ್ನುವ ಬಗೆಯಲ್ಲಿ ನೆನಪು ಚೆನ್ನಾಗಿದ್ದೇ ನಡವಳಿಕೆ ಬದಲಾಗುತ್ತದೆ, ನಾಚಿಕೆ ಸಂಕೋಚ ಹೋಗುತ್ತದೆ. ಲೂಯಿ ಬಾಡಿ ಅನ್ನುವ ಬಗೆಯಲ್ಲಿ ಇಲ್ಲದ ಮನುಷ್ಯರೋ ಪ್ರಾಣಿಗಳೋ ಕಾಣುತ್ತವೆ. ಮನೆಯವರು ಇದನ್ನು ಜಗಳ ಅಂದುಕೊಳ್ಳುತ್ತಾರೆ, ಖಿನ್ನತೆ ಅಂದುಕೊಳ್ಳುತ್ತಾರೆ, ಇನ್ನೂ ಏನೇನೋ ಅಂದುಕೊಂಡು ಎಲ್ಲೆಲ್ಲೋ ಅಲೆಯುತ್ತಾರೆ.

ಇನ್ನು ಡಾಕ್ಟರ ಕೋಣೆ. ಬಿಪಿ, ಶುಗರ್ ನೋಡಿ ಮುಗಿಸುವಷ್ಟರಲ್ಲಿ ಸಮಯ ಆಗಿರುತ್ತದೆ. ಅಮ್ಮ ಅಲ್ಲಿ ಚೆನ್ನಾಗಿಯೇ ಮಾತಾಡುತ್ತಾರೆ. ಡಾಕ್ಟರು ಅವರನ್ನೇ ಕೇಳುತ್ತಾರೆ, ಅವರು ಚೆನ್ನಾಗಿದ್ದೇನೆ ಅನ್ನುತ್ತಾರೆ. ಜೊತೆಗೆ ಹೋದವರು ಅವರ ಮುಂದೆ ಹೇಗೆ ಹೇಳುವುದು ಅಂತ ಬಾಯಿ ಮುಚ್ಚಿಕೊಂಡಿರುತ್ತಾರೆ. ಪರೀಕ್ಷೆ ಮಾಡಿದರೂ ಎಡವಟ್ಟು ಇದೆ. ಬಹಳ ಕಡೆ ಬಳಸುವುದು 1975ರ ಎಂಎಂಎಸ್‌ಇ, ಇಲ್ಲವೇ 2005ರ ಮೋಕಾ, ಪ್ರಶ್ನೆ ಕೇಳಿ ನೆನಪು, ಯೋಚನೆ ಅಳೆಯುವ ಪರೀಕ್ಷೆಗಳು. ಎರಡಕ್ಕೂ 30 ಅಂಕ. ಜಾಸ್ತಿ ಓದಿದವರು ಕಾಯಿಲೆ ಇದ್ದೂ ಒಳ್ಳೆಯ ಅಂಕ ತೆಗೆಯಬಹುದು. ಶಾಲೆಗೇ ಹೋಗದವರು ಕಾಯಿಲೆ ಇಲ್ಲದೆಯೂ ಕಡಿಮೆ ತೆಗೆಯಬಹುದು. ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಲಕ್ಷಣಗಳು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿದ್ದವು. ಮಿದುಳಿಗೆ ಕಸುವು ಇರುವುದು ಒಳ್ಳೆಯದೇ. ಆದರೆ ಅದೇ ಕಸುವು ಒಳಗಿನ ಸವೆತವನ್ನು ಮರೆಮಾಡುತ್ತದೆ ಅಂತಲೂ ತಜ್ಞರು ಹೇಳುತ್ತಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಲ್ಲಿಗೆ ಕರೆಸಿಕೊಳ್ಳಲಾ? ತಪಾಸಣೆಗೆ ಅಂತ ಆದರೆ, ಬೇಡ. ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಮರೆವು ಶುರುವಾದವರು ತಮ್ಮ ಮನೆಯನ್ನು ನೆಚ್ಚಿಕೊಂಡು ನಡೆಯುತ್ತಿರುತ್ತಾರೆ. ದೀಪದ ಸ್ವಿಚ್ ಎಲ್ಲಿದೆ, ಬಚ್ಚಲು ಎಲ್ಲಿದೆ ಅನ್ನುವುದು ಕೈಕಾಲಿಗೇ ಗೊತ್ತಿರುತ್ತದೆ. ಉದ್ದದ ವಿಮಾನ ಪ್ರಯಾಣ, ಹಗಲು ರಾತ್ರಿ ಅದಲು ಬದಲು, ಗೊತ್ತಿಲ್ಲದ ಮನೆ, ತಿಳಿಯದ ಭಾಷೆ, ನೀವು ಕೆಲಸಕ್ಕೆ ಹೋದ ಮೇಲೆ ಒಂಟಿ. ಚೆನ್ನಾಗಿರುವವರೇ ಕಂಗಾಲಾಗುತ್ತಾರೆ ಅಲ್ವಾ? ಅಂಥ ಹೊತ್ತಿನಲ್ಲಿ ಪರೀಕ್ಷೆ ಮಾಡಿದರೆ ಬರುವ ಅಂಕ ಯಾವುದರದ್ದು ಅಂತ ಹೇಳುವುದು ಕಷ್ಟ. ನಡುವೆ ದುಭಾಷಿ ಕೂತರಂತೂ ಇನ್ನೂ ಕಷ್ಟ. ಭಾಷೆ, ಸಂಸ್ಕೃತಿ ಅಡ್ಡ ಬರಬಾರದು ಅಂತಲೇ ರೂಡಾಸ್ ಎಂಬ ಪರೀಕ್ಷೆಯನ್ನು ಸಿಡ್ನಿಯಲ್ಲಿ ರೂಪಿಸಿ 2004ರಲ್ಲಿ ಪ್ರಕಟಿಸಿದರು. ಆದರೂ ಅಮ್ಮನ ಮಾತಿನಲ್ಲೇ ಮಾತಾಡುವ ಡಾಕ್ಟರಿಗೆ ಸಮನಾದದ್ದು ಇಲ್ಲ. ಪ್ರವಾಸಿ ವಿಮೆ ಸಾಮಾನ್ಯವಾಗಿ ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ, ಅದೂ ತಲೆಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯ, ಅಮ್ಮನನ್ನು ದಿನಾ ನೋಡುವವರು ಇರುವುದು ಅಲ್ಲಿ. ರೋಗ ಗುರುತಿಸಲು ಬೇಕಾಗುವ ಸಾಕ್ಷಿ ಅವರದ್ದು.

ಹಾಗಾದರೆ ದೂರದಿಂದ ನೀವೇನು ಮಾಡಬಹುದು? ಅಪ್ಪನ ಹತ್ತಿರ ಬೇರೆಯಾಗಿ ಮಾತಾಡಿ, ಅಮ್ಮ ಪಕ್ಕದಲ್ಲಿ ಇಲ್ಲದಾಗ. "ಅಮ್ಮನಿಗೆ ಮರೆವು ಜಾಸ್ತಿ ಆಗಿದೆಯಾ?" ಅಂತ ಕೇಳಬೇಡಿ. ಇಲ್ಲ ಅಂತಲೇ ಹೇಳುತ್ತಾರೆ. "ಮೂರು ವರ್ಷದ ಹಿಂದೆ ಅಮ್ಮ ಮಾಡ್ತಿದ್ದ ಯಾವ ಕೆಲಸ ಈಗ ನೀವು ಮಾಡ್ತೀರಿ?" ಅಂತ ಕೇಳಿ. ದುಡ್ಡಿನ ಲೆಕ್ಕ, ಮಾತ್ರೆ, ಒಬ್ಬರೇ ಹೊರಗೆ ಹೋಗಿ ಬರುವುದು, ಮೊಬೈಲು, ಒಲೆ ಆರಿಸುವುದು, ಒಂದೊಂದನ್ನೂ ಬಿಡಿಸಿ ಕೇಳಿ. ಕೀಲಿ ಎಲ್ಲಿಟ್ಟೆ ಅಂತ ಮರೆಯುವುದು ಎಲ್ಲರಿಗೂ ಇದ್ದದ್ದೇ. ಗೊತ್ತಿದ್ದ ಕೆಲಸದ ಕ್ರಮವೇ ತಪ್ಪುತ್ತಿದ್ದರೆ, ಗೊತ್ತಿದ್ದ ದಾರಿಯೇ ತಪ್ಪುತ್ತಿದ್ದರೆ, ಆಗ ತಡ ಮಾಡಬಾರದು. ಅಪ್ಪ ಹೇಳಿದ್ದನ್ನು ತಿಂಗಳು, ವರ್ಷದ ಸಮೇತ ಒಂದು ಹಾಳೆಯಲ್ಲಿ ಬರೆಯಿರಿ. ಹತ್ತಿರ ಇರುವ ಅಣ್ಣನೋ ಚಿಕ್ಕಮ್ಮನೋ ಅಮ್ಮನ ಜೊತೆ ಹೋಗಲಿ, ಆ ಹಾಳೆಯನ್ನು ಡಾಕ್ಟರಿಗೆ ಮೊದಲೇ ಕೊಡಲಿ. ಅಮ್ಮನ ಎದುರಿಗೆ ಅವರ ತಪ್ಪು ಎಣಿಸುವ ಕಷ್ಟ ಯಾರಿಗೂ ಇರುವುದಿಲ್ಲ. ನರರೋಗ ತಜ್ಞರು, ಮನೋವೈದ್ಯರು, ಹಿರಿಯರ ಕಾಯಿಲೆ ನೋಡುವ ವೈದ್ಯರು, ಮೂವರಲ್ಲಿ ಯಾರು ಸಿಕ್ಕರೂ ಸರಿ.

ಅಪ್ಪ ಹೆದರಿದ್ದರೆ ಇದನ್ನು ಹೇಳಿ. ಮರೆವಿಗೆ ಕಾರಣವಾಗುವ ಎಷ್ಟೋ ಸಂಗತಿಗಳು ವಾಸಿಯಾಗುತ್ತವೆ ಅಥವಾ ಸುಧಾರಿಸುತ್ತವೆ. ಬಿ12 ಕಡಿಮೆ ಇರುವುದು, ಥೈರಾಯ್ಡ್, ಖಿನ್ನತೆ, ಕಿವಿ ಕೇಳದಿರುವುದು, ನಿದ್ದೆ ಮಾತ್ರೆ, ಅಲರ್ಜಿಗೆ ಕೊಡುವ ಕೆಲವು ಹಳೆಯ ಮಾತ್ರೆಗಳು. ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ನಿಧಾನವಾಗಿ ರಕ್ತ ಸೇರಿಕೊಂಡರೂ ಹೀಗಾಗುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸುವುದು ಇವನ್ನು ಹುಡುಕುವುದಕ್ಕೂ ಹೌದು. ಒಂದು ಎಚ್ಚರಿಕೆ: ಗೊಂದಲ ಒಂದೆರಡು ದಿನದಲ್ಲಿ ದಿಢೀರನೆ ಬಂದರೆ ಅದು ಸೋಂಕೋ ಬೇರೇನೋ ಇರಬಹುದು. ಆಗ ಅಪಾಯಿಂಟ್‌ಮೆಂಟಿಗೆ ಕಾಯುವುದಲ್ಲ, ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಡಿಮೆನ್ಶಿಯಾ ಅಂತಲೇ ಗೊತ್ತಾದರೆ ಏನು ಲಾಭ, ವಾಸಿ ಮಾಡುವ ಔಷಧಿ ಇಲ್ಲವಲ್ಲ ಅಂತ ನೆಂಟರು ಕೇಳುತ್ತಾರೆ. ವಾಸಿ ಮಾಡುವುದಿಲ್ಲ, ನಿಜ. ಡೊನೆಪೆಜಿಲ್‌ನಂಥ ಔಷಧಿ 1990ರ ದಶಕದಿಂದ ಇದೆ, ಕೆಲವರಿಗೆ ಸ್ವಲ್ಪ ಕಾಲ ಲಕ್ಷಣ ಹತೋಟಿಯಲ್ಲಿಡುತ್ತದೆ. ಅಮೆರಿಕದಲ್ಲಿ 2023ರಲ್ಲಿ ಲೆಕನೆಮ್ಯಾಬ್‌ಗೆ, 2024ರಲ್ಲಿ ಡೊನನೆಮ್ಯಾಬ್‌ಗೆ ಪೂರ್ಣ ಒಪ್ಪಿಗೆ ಸಿಕ್ಕಿತು. ಅವು ಅಲ್‌ಝೈಮರ್ ಮುಂದುವರಿಯುವುದನ್ನು ಸ್ವಲ್ಪ ನಿಧಾನ ಮಾಡುತ್ತವೆ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಕೊಡುವುದು ಆರಂಭದ ಹಂತದಲ್ಲಿ ಮಾತ್ರ. ತಡವಾಗಿ ಗೊತ್ತಾದವರಿಗೆ ಇದನ್ನು ಕೇಳುವ ಅವಕಾಶವೂ ಇರುವುದಿಲ್ಲ.

ಆದರೆ ನನಗೆ ಔಷಧಿಗಿಂತ ದೊಡ್ಡದು ಅನ್ನಿಸಿದ್ದು ಬೇರೆ. ಬೇಗ ಗೊತ್ತಾದರೆ ಅಮ್ಮನ ಮಾತು ನಡೆಯುತ್ತದೆ. ಯಾರ ಜೊತೆ ಇರಬೇಕು, ಬ್ಯಾಂಕ್ ಖಾತೆ ಯಾರು ನೋಡಬೇಕು, ಉಯಿಲು ಹೇಗಿರಬೇಕು ಅಂತ ಅವರೇ ಹೇಳಬಹುದು. ಅರ್ಥ ಮಾಡಿಕೊಂಡು ಹಾಕಿದ ಸಹಿಗೆ ಮಾತ್ರ ಬೆಲೆ. ಕಾಯಿಲೆ ಮುಂದುವರಿದ ಮೇಲೆ ಅವರ ಬದುಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅವರೊಬ್ಬರನ್ನು ಬಿಟ್ಟು. ಫೋನಿನಲ್ಲಿ ಮೋಸ ಮಾಡುವವರು ಇಂಥವರನ್ನೇ ಹುಡುಕುತ್ತಿರುತ್ತಾರೆ, ಅದಕ್ಕೂ ಮೊದಲೇ ತಡೆ ಹಾಕಬಹುದು. ನಿಮ್ಮ ಅಪ್ಪನಿಗೂ ಗೊತ್ತಾಗಬೇಕು. ಎಷ್ಟು ಸಲ ಹೇಳಿದರೂ ಕೇಳಲ್ಲ ಅಂತ ಅವರು ದಿನಾ ಸಿಟ್ಟಾಗುತ್ತಿರಬಹುದು. ಅದು ಕಾಯಿಲೆ ಅಂತ ತಿಳಿದರೆ ಆ ಮನೆಯ ಅರ್ಧ ಜಗಳ ನಿಲ್ಲುತ್ತದೆ.

ಅಮ್ಮನಿಗೆ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ. ಮರೆವು ಯಾಕೆ ಅಂತ ಒಂದು ಸಲ ನೋಡಿಸೋಣ, ರಕ್ತದಲ್ಲಿ ಏನಾದರೂ ಕಡಿಮೆ ಇರಬಹುದು ಅನ್ನಿ. ಅದು ನಿಜವೇ. ಅಪ್ಪನೂ ಅದೇ ದಿನ ತಪಾಸಣೆ ಮಾಡಿಸಿಕೊಳ್ಳಲಿ, ಅಮ್ಮನಿಗೆ ಧೈರ್ಯ ಬರುತ್ತದೆ. ರಜೆ ಕೂಡಿಸಿಕೊಳ್ಳಲು ಆದರೆ ನೀವು ಆ ಹೊತ್ತಿಗೇ ಹೋಗಿಬನ್ನಿ. ಆಗದಿದ್ದರೆ ಡಾಕ್ಟರು ಒಪ್ಪಿದರೆ ವಿಡಿಯೋ ಕರೆಯಲ್ಲಿ ಕೂತುಕೊಳ್ಳಿ. ಅಪಾಯಿಂಟ್‌ಮೆಂಟ್ ಸಿಕ್ಕ ಮೇಲೆ ನನಗೆ ತಿಳಿಸಿ. ಆ ಹಾಳೆಯಲ್ಲಿ ಏನೇನು ಬರೆಯಬೇಕು ಅಂತ ಒಟ್ಟಿಗೆ ಕೂತು ನೋಡೋಣ.