ವಿಜಯಪುರದ ಬೋರ್ ನೀರಿಗೆ ಯಾವ ಗಜ್ಜರಿ ತಳಿ ಚಲೋ?

ನಿಮ್ಮ ಪ್ರಶ್ನೆ ಇಷ್ಟು: ವಿಜಯಪುರದ ಹತ್ತಿರ ಅರ್ಧ ಎಕರೆ ಎರಿ ಭೂಮಿ, ಬೋರ್‌ವೆಲ್ ನೀರು, ಡ್ರಿಪ್ ಇದೆ. ಪೂಸಾ ರುಧಿರ, ಪೂಸಾ ಮೇಘಾಲಿ, ಅರ್ಕಾ ಸೂರಜ್, ಕುರೋಡಾ ಮಾದರಿಯ ಹೈಬ್ರಿಡ್, ಈ ನಾಲ್ಕರಲ್ಲಿ ಇಳುವರಿ ಯಾವುದಕ್ಕೆ ಹೆಚ್ಚು, ಗುಣಮಟ್ಟ ಯಾವುದರದ್ದು ಮೇಲು?

ತಳಿಯ ಮಾತಿಗೆ ಬರುವ ಮೊದಲು ಬೋರ್ ನೀರಿನ ಇ.ಸಿ. (ವಿದ್ಯುತ್ ವಾಹಕತೆ, ಅಂದರೆ ನೀರಲ್ಲಿ ಕರಗಿದ ಉಪ್ಪಿನ ಅಳತೆ) ಎಷ್ಟಿದೆ ನೋಡಿಸಿರಿ. ಕಾಯಿಪಲ್ಯೆಗಳಲ್ಲಿ ಉಪ್ಪು ತಡೆಯದ ಬೆಳೆಗಳ ಸಾಲಿನಲ್ಲಿ ಗಜ್ಜರಿ ಬಹಳ ಮುಂದೆ ನಿಲ್ಲುತ್ತದೆ. ನೀರಿನ ಇ.ಸಿ. ಮೀಟರಿಗೆ 0.7 ಡೆಸಿಸೀಮೆನ್ಸ್ ತನಕ ಚಿಂತೆ ಇಲ್ಲ. 1.1ಕ್ಕೆ ಇಳುವರಿ ಸುಮಾರು ಶೇ. 10, 1.9ಕ್ಕೆ ಶೇ. 25, 3ಕ್ಕೆ ಹೋದರೆ ಅರ್ಧಕ್ಕರ್ಧ ಇಳಿಯುತ್ತದೆ. ಡೋಣಿ ನದಿಯ ಆಚೀಚೆ ಇರುವ ಹೊಲಗಳಲ್ಲಿ ಸವಳು ಸಾಮಾನ್ಯ. ಅಂಥ ಕಡೆ ಯಾವ ತಳಿ ಹಾಕಿದರೂ ಉಪ್ಪು ತಿನ್ನುವ ಪಾಲು ತಳಿ ತಳಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಕೃಷಿ ವಿಜ್ಞಾನ ಕೇಂದ್ರದಲ್ಲಿ ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ. ನೀರಿನ ಇ.ಸಿ. 2 ದಾಟಿದ್ದರೆ ಗಜ್ಜರಿಯ ಬದಲು ಬೀಟ್‌ರೂಟ್ ಹಾಕುವುದೇ ಸರಿ ಎನ್ನುತ್ತೇನೆ, ಅದು ಉಪ್ಪನ್ನು ಬಹಳ ಚೆನ್ನಾಗಿ ತಾಳುತ್ತದೆ.

ನೀರು ಒಪ್ಪಿತು ಅಂದುಕೊಂಡು ತಳಿಗಳಿಗೆ ಬರೋಣ. ಇವು ಎರಡು ಬೇರೆ ಗುಂಪಿನವು. ಪೂಸಾ ರುಧಿರ, ಪೂಸಾ ಮೇಘಾಲಿ, ಅರ್ಕಾ ಸೂರಜ್ ಬಯಲುಸೀಮೆಯಲ್ಲೇ ಹೂವು ಬಿಟ್ಟು ಬೀಜ ಕಟ್ಟುತ್ತವೆ, ಬಿಸಿಲನ್ನು ತಕ್ಕಮಟ್ಟಿಗೆ ತಾಳುತ್ತವೆ. ನ್ಯಾಂಟಿಸ್‌ನಂಥ ತಳಿಗಳು ಚಳಿ ನಾಡಿನವು, ಬೀಜ ಕಟ್ಟಲು ವಾರಗಟ್ಟಲೆ 10 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಕುರೋಡಾ ಜಪಾನಿನ ಮೂಲದ್ದು. ಬೀಜದ ವಿಷಯದಲ್ಲಿ ಚಳಿ ನಾಡಿನ ಗುಂಪೇ ಆದರೂ ನ್ಯಾಂಟಿಸ್‌ಗಿಂತ ಬಿಸಿಲಿಗೆ ಗಟ್ಟಿ. ಎಲ್ಲದಕ್ಕೂ ಗಡ್ಡೆ ಚೆನ್ನಾಗಿ ಬಣ್ಣ ಕಟ್ಟುವುದು ಹವೆ 15ರಿಂದ 20 ಡಿಗ್ರಿ ಇದ್ದಾಗ. ಹಗಲು 30 ದಾಟುತ್ತಾ ಹೋದರೆ ಗಡ್ಡೆ ಗಿಡ್ಡವಾಗುತ್ತದೆ, ತುದಿ ಬಿಳಚುತ್ತದೆ, ನಡುವಿನ ತಿರುಳು ಒರಟಾಗುತ್ತದೆ. ನಮ್ಮ ಕಡೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ಬಿತ್ತನೆ ಮುಗಿಯಬೇಕು ಎನ್ನುವುದು ಇದಕ್ಕೇ.

ಪೂಸಾ ರುಧಿರ ಕೆಂಪು, ಉದ್ದ ಗಡ್ಡೆ. ಆ ಕೆಂಪು ಲೈಕೋಪಿನ್ ಎಂಬ ಬಣ್ಣದ ವಸ್ತುವಿನಿಂದ ಬರುತ್ತದೆ, ತಿರುಳೂ ಅದೇ ಬಣ್ಣದ್ದು. ಹಲ್ವಾಕ್ಕೆ, ಪಚಡಿಗೆ, ರೊಟ್ಟಿ ಜೊತೆ ಹಸಿ ತಿನ್ನಲಿಕ್ಕೆ ಜನ ಇದನ್ನೇ ಕೇಳುತ್ತಾರೆ. ಎಳ್ಳಮಾಸಿ, ಭೋಗಿ ಹೊತ್ತಿಗೆ ಬೇಡಿಕೆ ಏರುತ್ತದೆ. ಜನವರಿ ಎರಡನೇ ವಾರಕ್ಕೆ ಮಾಲು ಸಿಗಬೇಕಾದರೆ ಅಕ್ಟೋಬರ್ ಮೊದಲ ವಾರದೊಳಗೆ ಬೀಜ ಮಣ್ಣಿಗೆ ಬೀಳಬೇಕು. ಇದರ ದೋಷ ಎಂದರೆ ಕಾಯುವುದಿಲ್ಲ. ತೂಕ ಬರಲಿ ಅಂತ ಫೆಬ್ರುವರಿ ತನಕ ಬಿಟ್ಟರೆ ಹೂದಂಟು ಏರುತ್ತದೆ, ತಿರುಳು ಕಟ್ಟಿಗೆಯಾಗುತ್ತದೆ. ಮೇಘಾಲಿ ಪೂಸಾ ಕೇಸರ್ ಮತ್ತು ನ್ಯಾಂಟಿಸ್ ಕೂಡಿಸಿ ತೆಗೆದ ಕಿತ್ತಳೆ ಬಣ್ಣದ ತಳಿ, ಸ್ವಲ್ಪ ಬೇಗ ಬಿತ್ತುವವರಿಗೆ ಹೊಂದುತ್ತದೆ. ಅರ್ಕಾ ಸೂರಜ್ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದ್ದು, ಹೊರಗೂ ಒಳಗೂ ಕಿತ್ತಳೆ, ಶಂಕುವಿನಾಕಾರ, ನಯವಾದ ಸಿಪ್ಪೆ. ಕುರೋಡಾ ಹೈಬ್ರಿಡ್‌ನ ಬಲ ಇರುವುದು ಒಂದೇ ಅಳತೆಯಲ್ಲಿ. ಗಡ್ಡೆಗಳು ಒಂದರ ಹಾಗೆ ಒಂದು ಇರುವುದರಿಂದ ಮೊದಲ ದರ್ಜೆಗೆ ಹೆಚ್ಚು ಬೀಳುತ್ತವೆ. ಬೀಜದ ದರ ಮಾತ್ರ ಹಲವು ಪಟ್ಟು.

ಚೆನ್ನಾಗಿ ಬೆಳೆದ ಗಜ್ಜರಿ ಎಕರೆಗೆ 8ರಿಂದ 12 ಟನ್ ಕೊಡುತ್ತದೆ. ಪ್ಯಾಕೆಟ್ ಮೇಲೆ, ಕರಪತ್ರದಲ್ಲಿ ಬರೆದ ಇಳುವರಿಗಳನ್ನು ಒಂದರ ಪಕ್ಕ ಒಂದಿಟ್ಟು ತಳಿ ಆರಿಸುವುದು ಬೇಡ. ಒಂದು ಅಂಕಿ ಬೇರೆ ಮಣ್ಣಿನದ್ದು, ಇನ್ನೊಂದು ಬೇರೆ ಹಂಗಾಮಿನದ್ದು. ನಿಮ್ಮ ಹೊಲದಲ್ಲೇ ಒಂದು ಗುಂಟೆಯಲ್ಲಿ ನಾಲ್ಕನ್ನೂ ಸರಿಯಾಗಿ ಹೋಲಿಸಬಹುದು, ಹೇಗೆಂದು ಹೇಳುತ್ತೇನೆ.

20 ಮೀಟರ್ ಉದ್ದದ ನಾಲ್ಕು ಮಡಿ ಮಾಡಿ. ಮೇಲಿನ ಅಗಲ 90 ಸೆಂ.ಮೀ., ನಡುವಿನ ಕಾಲುವೆ 30 ಸೆಂ.ಮೀ., ಎತ್ತರ 20ರಿಂದ 25 ಸೆಂ.ಮೀ. ಎರಿ ಮಣ್ಣಿನಲ್ಲಿ ಎತ್ತರ ಕಡಿಮೆಯಾದರೆ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಪ್ರತಿ ಮಡಿಗೆ ಎರಡು ಲ್ಯಾಟರಲ್ (ಡ್ರಿಪ್ಪರ್ ಇರುವ ಸಣ್ಣ ಪೈಪು), ನಾಲ್ಕು ಬೀಜದ ಸಾಲು. ಈಗ ಉದ್ದಕ್ಕೆ 5 ಮೀಟರಿಗೊಂದು ಗೂಟ ಹೊಡೆದರೆ 16 ತುಂಡು ಆಗುತ್ತವೆ. ಪ್ರತಿ ತಳಿ ಪ್ರತಿ ಮಡಿಯಲ್ಲಿ ಒಂದು ಸಲ, ಪ್ರತಿ ಅಡ್ಡಪಟ್ಟಿಯಲ್ಲಿ (ನಾಲ್ಕೂ ಮಡಿಗಳ ಅಕ್ಕಪಕ್ಕದ ತುಂಡುಗಳು ಸೇರಿ ಒಂದು ಪಟ್ಟಿ) ಒಂದು ಸಲ ಬರಬೇಕು. ಮೊದಲ ಪಟ್ಟಿಯಲ್ಲಿ ರುಧಿರ, ಮೇಘಾಲಿ, ಸೂರಜ್, ಹೈಬ್ರಿಡ್ ಎಂದಿದ್ದರೆ ಎರಡನೆಯದು ಮೇಘಾಲಿಯಿಂದ, ಮೂರನೆಯದು ಸೂರಜ್‌ನಿಂದ, ನಾಲ್ಕನೆಯದು ಹೈಬ್ರಿಡ್‌ನಿಂದ ಶುರುವಾಗಿ ಅದೇ ಸರತಿಯಲ್ಲಿ ಸುತ್ತಲಿ. ಇಷ್ಟು ತೊಂದರೆ ತೆಗೆದುಕೊಳ್ಳುವುದು ಡ್ರಿಪ್ ಸಲುವಾಗಿ. ಲ್ಯಾಟರಲ್ ತಲೆಯ ಕಡೆ ನೀರು ಜಾಸ್ತಿ, ಬಾಲದ ಕಡೆ ಕಮ್ಮಿ. ಒಂದು ತಳಿಯನ್ನು ಪೂರ್ತಿ ಮುಖ್ಯ ಪೈಪಿನ ಪಕ್ಕ ಹಾಕಿ ಇನ್ನೊಂದನ್ನು ಕೊನೆಗೆ ಹಾಕಿದರೆ ನೀವು ಅಳೆಯುವುದು ತಳಿಯನ್ನಲ್ಲ, ಪೈಪನ್ನು.

ಬಿತ್ತುವ ಮೊದಲು ಇದನ್ನು ಕಣ್ಣಾರೆ ನೋಡಿರಿ. ಗಂಟೆಗೆ 2 ಲೀಟರ್‌ನ ಡ್ರಿಪ್ಪರ್ ಕೆಳಗೆ 3 ನಿಮಿಷ ಡಬ್ಬಿ ಹಿಡಿದರೆ 100 ಮಿ.ಲೀ. ಬೀಳಬೇಕು. ತಲೆಯಲ್ಲಿ 100 ಬಿದ್ದು ಬಾಲದಲ್ಲಿ 90ಕ್ಕಿಂತ ಕಡಿಮೆ ಬಿದ್ದರೆ ಫಿಲ್ಟರ್ ತೊಳೆಯಿರಿ, ಲ್ಯಾಟರಲ್ ತುದಿ ಬಿಚ್ಚಿ ನೀರು ಹೊರಬಿಡಿ. ಬೋರ್ ನೀರಿನ ಸುಣ್ಣ ಡ್ರಿಪ್ಪರ್ ಬಾಯಿಗೆ ಬಿಳಿಯಾಗಿ ಕಟ್ಟಿದ್ದರೆ ಆಸಿಡ್ ಟ್ರೀಟ್‌ಮೆಂಟ್ ಮಾಡಿಸದೆ ಬಿತ್ತಬೇಡಿ.

ಬೀಜದ್ದೂ ಒಂದು ಪರೀಕ್ಷೆ. ಗಜ್ಜರಿ ಬೀಜ ಬೇಗ ಹಳತಾಗುತ್ತದೆ, ಪ್ರಮಾಣಿತ ಬೀಜಕ್ಕೂ ಕನಿಷ್ಠ ಮೊಳಕೆ ಶೇ. 60 ಅಷ್ಟೇ. ಪ್ರತಿ ತಳಿಯ 100 ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ 7ನೇ ದಿನ, 14ನೇ ದಿನ ಎಣಿಸಿ. ಒಂದಕ್ಕೆ 85, ಇನ್ನೊಂದಕ್ಕೆ 60 ಬಂದರೆ ಎರಡನೆಯದನ್ನು ಅದೇ ಲೆಕ್ಕದಲ್ಲಿ ಹೆಚ್ಚು ಹಾಕಿ. ಗಿಡದ ಸಂಖ್ಯೆ ಸಮ ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ, ಬಹಳ ಕಡೆ ‘ಈ ತಳಿ ಬರಲಿಲ್ಲ’ ಅನ್ನುವುದರ ಹಿಂದೆ ಹುಟ್ಟದ ಬೀಜವೇ ಇರುತ್ತದೆ. ಗ್ರಾಮಿಗೆ ಸುಮಾರು 800 ಕಾಳು ಬರುತ್ತವೆ. ಮರಳಿನ ಜೊತೆ ಕಲಸಿ, ಒಂದೂವರೆ ಸೆಂ.ಮೀ.ಗಿಂತ ಆಳಕ್ಕೆ ಹೋಗದ ಹಾಗೆ ಗೀರಿನಲ್ಲಿ ಉದುರಿಸಿ, ಜರಡಿ ಹಿಡಿದ ಹಳೇ ತಿಪ್ಪೆಗೊಬ್ಬರದಿಂದ ಮುಚ್ಚಿ. ಮಣ್ಣು ಹಾಕಿ ಮುಚ್ಚಿದರೆ ಎರಿ ಒಣಗುತ್ತಲೇ ಮೇಲೆ ಹೆಪ್ಪುಗಟ್ಟುತ್ತದೆ. ಬೆರಳಿಂದ ಆ ಹೆಪ್ಪನ್ನು ಎತ್ತಿ ನೋಡಿದರೆ ಬಿಳಿ ಮೊಳಕೆಗಳು ಅಡಿಯಲ್ಲೇ ಬಾಗಿ ಸುರುಳಿಯಾಗಿರುವುದು ಕಾಣುತ್ತದೆ. ಮೊಳಕೆ ಬರುವ 8ರಿಂದ 14 ದಿನ ಮೇಲ್ಮಣ್ಣು ಒಂದು ಹೊತ್ತೂ ಒಣಗಬಾರದು. ಈ ಹಂತಕ್ಕೆ ಡ್ರಿಪ್ ಸಾಲದು. ಉಳ್ಳಾಗಡ್ಡಿಗೆ ಬಳಸುವ ರೇನ್ ಪೈಪ್ ಅಥವಾ ಸ್ಪ್ರಿಂಕ್ಲರ್‌ನಿಂದ ಬೆಳಿಗ್ಗೆ, ಸಂಜೆ ಸಣ್ಣಗೆ ಹನಿಸಿ.

20ರಿಂದ 25 ದಿನಕ್ಕೆ ಸಸಿ ತೆಳುವು ಮಾಡಿ 7.5 ಸೆಂ.ಮೀ. ಅಂತರಕ್ಕೆ ತನ್ನಿ. ಕೈ ತಡ ಮಾಡಿದರೆ ಗಡ್ಡೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅದೇ ವೇಳೆಗೆ ಕಸ ತೆಗೆಯುವುದು, ಮತ್ತೆ 40ಕ್ಕೆ ಒಂದು ಸಲ. ಎರಡನೇ ಸಲ ಗಡ್ಡೆಯ ತಲೆಗೆ ಮಣ್ಣೇರಿಸಿ, ಬಿಸಿಲು ತಾಗಿದ ಭುಜ (ಗಡ್ಡೆಯ ಮೇಲ್ಭಾಗ) ಹಸಿರಾಗಿ ಕಹಿಯಾಗುತ್ತದೆ.

ಡಿಸೆಂಬರ್ ಸುಮಾರಿಗೆ ನಮ್ಮಲ್ಲಿ ದಿನಕ್ಕೆ 4ರಿಂದ 5 ಮಿ.ಮೀ. ನೀರು ಆವಿಯಾಗುತ್ತದೆ. ಗಡ್ಡೆ ದಪ್ಪವಾಗುವ ಕಾಲಕ್ಕೆ ಬೆಳೆಯ ಬೇಡಿಕೆ ಇದರ 1.05 ಪಟ್ಟು, ಅಂದರೆ 4.7 ಮಿ.ಮೀ. ಆಸುಪಾಸು. ಎಕರೆ ಮೇಲೆ 1 ಮಿ.ಮೀ. ಎಂದರೆ 4,047 ಲೀಟರ್, ಆದ್ದರಿಂದ ನಿಮ್ಮ ಅರ್ಧ ಎಕರೆಗೆ ದಿನಕ್ಕೆ 9,500 ಲೀಟರ್. 30 ಸೆಂ.ಮೀ.ಗೊಂದು 2 ಲೀಟರ್ ಡ್ರಿಪ್ಪರ್ ಇರುವ ಎರಡೆರಡು ಲ್ಯಾಟರಲ್‌ಗೆ ಇದು 25ರಿಂದ 30 ನಿಮಿಷದ ಕೆಲಸ. ಆದರೆ ಗಂಟೆಗೆ 22,000 ಲೀಟರಿಗೂ ಮೇಲೆ ಬೇಕು. ಬೋರ್ ಅಷ್ಟು ಕೊಡದಿದ್ದರೆ ವಾಲ್ವ್ ಹಾಕಿ ಎರಡು ಭಾಗ ಮಾಡಿ. ಎರಡು ದಿನಕ್ಕೊಮ್ಮೆ ಬಿಟ್ಟರೂ ನಡೆದೀತು, ವಾರ ಒಣಗಿಸಿ ಒಮ್ಮೆಲೇ ತುಂಬಿಸುವುದು ಮಾತ್ರ ನಡೆಯದು. ಒಣಗಿದ ಗಡ್ಡೆಯ ಸಿಪ್ಪೆ ಬಿಗಿದಿರುತ್ತದೆ, ಒಮ್ಮೆಲೇ ನೀರು ಸಿಕ್ಕಾಗ ಒಳಗು ಉಬ್ಬಿ ಉದ್ದುದ್ದ ಸೀಳುತ್ತದೆ. ಕರೆಂಟ್ ಪಾಳಿ ತಪ್ಪಿದ ವಾರದ ಮುಂದೆ ಸೀಳು ಕಂಡರೆ ತಳಿಯನ್ನು ಬೈಯಬೇಡಿ.

ಗೊಬ್ಬರದ ಬಗ್ಗೆ ಚಿಕ್ಕದಾಗಿ: ಎಕರೆಗೆ 10 ಟನ್ ಪೂರ್ತಿ ಕಳಿತ ತಿಪ್ಪೆಗೊಬ್ಬರ, ಸುಮಾರು 30 ಕೆ.ಜಿ. ಸಾರಜನಕ, 25 ಕೆ.ಜಿ. ರಂಜಕ, 30ರಿಂದ 40 ಕೆ.ಜಿ. ಪೊಟ್ಯಾಷ್, ಮಣ್ಣಿನ ವರದಿ ನೋಡಿ ಹೆಚ್ಚು ಕಡಿಮೆ. ಹಸಿ ಸೆಗಣಿ, ಹೆಂಟೆ, ಗಟ್ಟಿ ಪದರ, ಈ ಮೂರರಿಂದ ಗಡ್ಡೆ ಕವಲೊಡೆಯುತ್ತದೆ. ಯೂರಿಯಾ ಹೆಚ್ಚಾದರೆ ಸೊಪ್ಪು ಜೋರು, ಗಡ್ಡೆ ಸಣ್ಣ. ಬೋರಾನ್ ಕೊರತೆಯಿಂದಲೂ ಗಡ್ಡೆ ಸೀಳುತ್ತದೆ, ಆದರೆ ಸವಳು ನೀರಲ್ಲಿ ಬೋರಾನ್ ಮೊದಲೇ ಇರಬಹುದಾದ್ದರಿಂದ ಪರೀಕ್ಷೆ ಇಲ್ಲದೆ ಬೋರಾಕ್ಸ್ ಹಾಕಬೇಡಿ. ಕವಲಿನ ಜೊತೆ ಎಳೆ ಬೇರಿನಲ್ಲಿ ಗಂಟು ಕಂಡರೆ ಅದು ಜಂತುಹುಳು (ಮಣ್ಣಿನಲ್ಲಿರುವ ನೆಮಟೋಡ್). ದಾಳಿಂಬೆ, ಟೊಮ್ಯಾಟೊ, ಬದನಿ ತೆಗೆದ ಹೊಲದಲ್ಲಿ ಇದು ಹೆಚ್ಚು, ಜೋಳ ಅಥವಾ ಉಳ್ಳಾಗಡ್ಡಿ ಬೆಳೆದ ತುಂಡನ್ನು ಆರಿಸಿಕೊಳ್ಳಿ.

ಕೀಳುವ ಹಿಂದಿನ ದಿನ ಸ್ವಲ್ಪ ನೀರು ಕೊಡಿ, ಎಲ್ಲ ತುಂಡಿಗೂ ಒಂದೇ ಪ್ರಮಾಣ. ಪ್ರತಿ ತುಂಡಿನ ಎರಡೂ ತುದಿಯಲ್ಲಿ ಒಂದೊಂದು ಮೀಟರ್ ಬಿಟ್ಟು ನಡುವಿನ 3 ಮೀಟರ್ ಮಾತ್ರ ಲೆಕ್ಕಕ್ಕೆ. ಅಲ್ಲಿ 160 ಗಿಡ ಇರಬೇಕು, 120ಕ್ಕಿಂತ ಕಡಿಮೆ ಇದ್ದರೆ ಆ ತುಂಡಿನ ಅಂಕಿ ಕೈಬಿಡಿ. ತೊಳೆದು, ಸೊಪ್ಪು ಕತ್ತರಿಸಿ ಮೂರು ಗುಂಪು ಮಾಡಿ: ನೆಟ್ಟಗೆ 15 ಸೆಂ.ಮೀ. ಮೇಲ್ಪಟ್ಟು ಭುಜದಲ್ಲಿ 3ರಿಂದ 4 ಸೆಂ.ಮೀ. ಇದ್ದದ್ದು ಮೊದಲನೆಯದು, ಗಿಡ್ಡ ಅಥವಾ ತುಸು ಡೊಂಕು ಎರಡನೆಯದು, ಕವಲು, ಸೀಳು, ಹಸಿರು ಭುಜದ್ದು ಮೂರನೆಯದು. ಮೂರನ್ನೂ ಬೇರೆ ಬೇರೆ ತೂಗಿ. ಬಂದ ಕೆ.ಜಿ.ಯನ್ನು 1,124ರಿಂದ ಗುಣಿಸಿದರೆ ಎಕರೆಯ ಲೆಕ್ಕ, 9 ಕೆ.ಜಿ. ಎಂದರೆ ಸುಮಾರು 10 ಟನ್. ಸವಾಲಿನಲ್ಲಿ (ಹರಾಜಿನಲ್ಲಿ) ಒಳ್ಳೆ ದರ ಸಿಗುವುದು ಮೊದಲ ಗುಂಪಿಗೆ. ಒಟ್ಟು 11 ಟನ್ ಬಂದು ಅರ್ಧ ಕವಲಾದ ತಳಿಗಿಂತ ಒಟ್ಟು 9 ಬಂದು 7 ಟನ್ ಮೊದಲ ದರ್ಜೆ ಕೊಟ್ಟದ್ದು ಮೇಲು.

ಒಂದೇ ತಳಿಯ ನಾಲ್ಕು ತುಂಡುಗಳು ತಮ್ಮಲ್ಲೇ 8ರಿಂದ 10 ಕೆ.ಜಿ. ತನಕ ಹರಡಿದ್ದು, ಎರಡು ತಳಿಗಳ ಸರಾಸರಿ ನಡುವೆ ಅರ್ಧ ಕೆ.ಜಿ. ಫರಕು ಇದ್ದರೆ ಅದನ್ನು ಫರಕು ಅನ್ನಬೇಡಿ. ಆಗ ಬೀಜದ ದರ, ಮಾರುಕಟ್ಟೆ ನೋಡಿ ಆರಿಸಬಹುದು. ಎಲ್ಲವನ್ನೂ ಒಂದೇ ದಿನ ಕೀಳುವುದೂ ತಪ್ಪು, ಪ್ರತಿ ತಳಿ ತನ್ನ ದಿನಕ್ಕೆ ಬರಲಿ, ದಿನ ಬರೆದಿಡಿ.

ಗುಣಮಟ್ಟಕ್ಕೆ ಪ್ರತಿ ತುಂಡಿನಿಂದ 10 ಗಡ್ಡೆ. ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಅಡ್ಡ ಕೊಯ್ದು ತಿರುಳಿನ ಅಗಲವನ್ನು ಇಡೀ ಅಗಲಕ್ಕೆ ಹೋಲಿಸಿ. ಅರ್ಧಕ್ಕಿಂತ ಕಡಿಮೆ ಇದ್ದು ಬಣ್ಣ ಹೊರಗಿನದರ ಜೊತೆ ಬೆರೆತಿದ್ದರೆ ಉತ್ತಮ. ಹಳದಿ ತಿರುಳು ಉಂಗುರದ ಹಾಗೆ ಬೇರೆ ಕಂಡರೆ ತಿನ್ನುವಾಗಲೂ ನಾರು ಸಿಗುತ್ತದೆ. ಸಿಹಿ ಅಳೆಯಲು ಹೊಸ ಯಂತ್ರ ಕೊಳ್ಳಬೇಕಿಲ್ಲ. ನಿಮ್ಮ ಊರ ಕಡೆ ದ್ರಾಕ್ಷಿ ತೋಟದವರ ಹತ್ತಿರ ಬ್ರಿಕ್ಸ್ ಮೀಟರ್ ಇದ್ದೇ ಇರುತ್ತದೆ, ಗಡ್ಡೆಯ ನಡುಭಾಗ ತುರಿದು ಹಿಂಡಿದ ಎರಡು ಹನಿ ಸಾಕು. 8ರ ಮೇಲೆ ಬಂದರೆ ಒಳ್ಳೆಯದು. ಉಳಿದದ್ದರಲ್ಲಿ ಐದು ಕೆ.ಜಿ.ಯನ್ನು ನೆರಳಲ್ಲಿ ಐದು ದಿನ ಇಟ್ಟು ಮತ್ತೆ ತೂಗಿ. ಬೆಳಗಾವಿ ದಾಟಿ ಗೋವಾಕ್ಕೆ ಮಾಲು ಕಳಿಸುವ ವಿಚಾರ ಇದ್ದರೆ ಈ ಅಂಕಿ ಬ್ರಿಕ್ಸ್‌ಗಿಂತ ಮುಖ್ಯ.

ಈ ವರ್ಷಕ್ಕೆ ನನ್ನ ಆಯ್ಕೆ: ಒಂದು ಗುಂಟೆ ಹೋಲಿಕೆಗೆ, ಭೋಗಿ ಮಾರಾಟಕ್ಕೆ ಏಳೆಂಟು ಗುಂಟೆ ರುಧಿರ, ಉಳಿದದ್ದರಲ್ಲಿ ಅಕ್ಟೋಬರ್ ಕೊನೆಗೆ ಕುರೋಡಾ ಹೈಬ್ರಿಡ್. ಅಷ್ಟು ಬೀಜಕ್ಕೆ ದುಡ್ಡು ಹಾಕುವುದು ಭಾರ ಎನಿಸಿದರೆ ಅದರ ಜಾಗಕ್ಕೆ ಅರ್ಕಾ ಸೂರಜ್. ನೀರಿನ ಇ.ಸಿ. ಮತ್ತು ಬೋರ್ ಗಂಟೆಗೆ ಕೊಡುವ ಲೀಟರ್ ಎಷ್ಟು ಅಂತ ಕೆಳಗೆ ಬರೆಯಿರಿ, ವಾಲ್ವ್ ಎಲ್ಲಿ ಹಾಕಬೇಕು, ಯಾವ ಭಾಗಕ್ಕೆ ಎಷ್ಟು ನಿಮಿಷ ಬಿಡಬೇಕು ಎಂಬ ಲೆಕ್ಕ ಮಾಡಿ ಕೊಡುತ್ತೇನೆ.