‘ಆ ಹುಡುಗಿಯ ಸಹವಾಸ ಬಿಡಿಸಿ ಮೇಡಂ’: ಶಿಬಿರದಿಂದ ಬಂದ ಮಗಳು, ಹೆದರಿದ ಅಪ್ಪ ಅಮ್ಮ

ಇಬ್ಬರ ಹೆಸರೂ ಹೇಳುವಂತಿಲ್ಲ. ಗುರುತು ಸಿಗಬಾರದೆಂದು ಮನೆಯ, ಶಾಲೆಯ ಒಂದಷ್ಟು ವಿವರ ಬದಲಿಸಿದ್ದೇನೆ. ಹುಡುಗಿಯರಿಬ್ಬರೂ ಅವರ ಮನೆಯವರೂ ‘ಬರೆಯಿರಿ’ ಎಂದ ಮೇಲೆಯೇ ಇದನ್ನು ಬರೆಯುತ್ತಿರುವುದು. 15 ವರ್ಷದವಳನ್ನು ಚಿಕ್ಕವಳು ಎಂದುಕೊಳ್ಳಿ, 16ರವಳನ್ನು ದೊಡ್ಡವಳು.

ಆಪ್ತಸಲಹೆಗೆಂದು ನನ್ನ ಹತ್ತಿರ ಬಂದದ್ದು ಚಿಕ್ಕವಳ ಅಪ್ಪ ಅಮ್ಮ. ಬೇಸಿಗೆ ಶಿಬಿರ ಮುಗಿಸಿ ಬಂದ ಮಗಳು ಮೊದಲಿಗಿಂತ ಕೆಟ್ಟಿದ್ದಾಳೆ ಅನ್ನುವುದು ಅವರ ದೂರು. ಹೋಗುವ ಮುಂಚೆ ಮಾತೇ ಆಡುತ್ತಿರಲಿಲ್ಲ. ಈಗ ರೂಮಿನ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಫೋನು, ಒಮ್ಮೆ ನಗು, ಒಮ್ಮೆ ಅಳು, ಏನಾದರೂ ಕೇಳಿದರೆ ‘ನಿಮಗೆ ಅರ್ಥ ಆಗಲ್ಲ ಬಿಡಿ’. ಫೋನಿನ ಆ ಕಡೆ ಇರುವವಳೇ ದೊಡ್ಡವಳು. ಶಿಬಿರದಲ್ಲಿ ಸಿಕ್ಕ ಗೆಳತಿ. ಅವಳ ಅಪ್ಪ ಕುಡಿಯುತ್ತಾರೆ, ಮನೆಯಲ್ಲಿ ದಿನಾ ಜಗಳ, ಶಾಲೆಯಲ್ಲಿ ಹೊಡೆದಾಡಿ ಒಮ್ಮೆ ಹೊರಗೆ ಕೂತವಳು. ‘ಆ ಹುಡುಗಿಯ ಸಹವಾಸ ಬಿಡಿಸಿ ಮೇಡಂ, ಅಷ್ಟು ಮಾಡಿ ಸಾಕು’ ಎಂದರು ಅಪ್ಪ. ಅಮ್ಮ ಏನೂ ಹೇಳಲಿಲ್ಲ, ಕೈಚೀಲದ ಜಿಪ್ಪು ಎಳೆಯುತ್ತಾ ಹಾಕುತ್ತಾ ಕೂತಿದ್ದರು.

ಹಿಂದಿನ ಕಥೆ ಬೇಗ ಹೇಳಿಬಿಡುತ್ತೇನೆ, ಏಕೆಂದರೆ ಇಂಥದ್ದು ನೀವೂ ಕೇಳಿರುತ್ತೀರಿ. ಚಿಕ್ಕವಳಿಗೆ ಶಾಲೆಯಲ್ಲಿ ಒಂದು ಗುಂಪು ಇತ್ತು. ಒಂದು ದಿನ ಅವಳನ್ನು ಬಿಟ್ಟು ಬೇರೆ ವಾಟ್ಸಾಪ್ ಗುಂಪು ಆಯಿತು. ಅವಳು ಒಬ್ಬಳಿಗೇ ಎಂದು ಕಳಿಸಿದ್ದ ಮೆಸೇಜು ಎಲ್ಲರ ಫೋನಿಗೂ ಹೋಯಿತು. ಆಮೇಲೆ ಪ್ರತಿ ಭಾನುವಾರ ಸಂಜೆ ತಲೆನೋವು, ಸೋಮವಾರ ಹೊಟ್ಟೆನೋವು. ಮನೆಯವರು ಪರೀಕ್ಷೆಯ ಹೆದರಿಕೆ ಇರಬೇಕು ಅಂದುಕೊಂಡರು. ತೋಳಿನ ಮೇಲೆ ಬ್ಲೇಡಿನ ಗೀರುಗಳಿದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಸೆಖೆಯಲ್ಲೂ ಅವಳು ಉದ್ದ ತೋಳಿನ ಅಂಗಿಯನ್ನೇ ಹಾಕಿಕೊಳ್ಳುತ್ತಿದ್ದಳು.

ಶಿಬಿರದ ಸಂಗತಿ ನನಗೆ ಗೊತ್ತಾದದ್ದು ಚಿಕ್ಕವಳ ಬಾಯಿಂದ. ಅಲ್ಲಿ ಎಲ್ಲ ಬಗೆಯ ಮಕ್ಕಳೂ ಇದ್ದರು, ಸುಮ್ನೆ ರಜೆ ಕಳೆಯಲು ಬಂದವರು, ಶಾಲೆಯವರು ಹೇಳಿ ಕಳಿಸಿದವರು, ಮನೆಯವರು ಸಾಕಾಗಿ ಕಳಿಸಿದವರು. ದಿನಕ್ಕೊಂದು ಕೆಲಸದ ಪಾಳಿ. ಇವರಿಬ್ಬರ ಪಾಲಿಗೆ ಬಂದದ್ದು ನೀರು. ಕೆಳಗಿನ ನಲ್ಲಿಯಿಂದ ಮೇಲಿನ ಡೇರೆಗಳ ತನಕ ಹೊರಬೇಕು. ಪಾತ್ರೆ ದೊಡ್ಡದು, ಎರಡೂ ಕಡೆ ಹಿಡಿಕೆ, ಒಬ್ಬರಿಂದ ಎತ್ತಲಾಗದು. ದೊಡ್ಡವಳ ಕಾಲು ಉದ್ದ. ಅವಳು ಬಿರಬಿರನೆ ನಡೆದರೆ ನೀರೆಲ್ಲ ತುಳುಕಿ ಚಿಕ್ಕವಳ ಕಾಲ ಮೇಲೆ. ಮೊದಲ ಸಲ ಮೇಲೆ ಮುಟ್ಟುವಾಗ ಪಾತ್ರೆಯಲ್ಲಿ ಅರ್ಧ ನೀರೂ ಇರಲಿಲ್ಲ, ಇಬ್ಬರೂ ಬೈದಾಡಿಕೊಂಡರು. ಎರಡನೇ ಸಲ ಚಿಕ್ಕವಳು ‘ಒಂದು, ಎರಡು’ ಎಂದು ಹೆಜ್ಜೆ ಎಣಿಸತೊಡಗಿದಳು. ದೊಡ್ಡವಳು ಹೆಜ್ಜೆ ಸಣ್ಣದು ಮಾಡಿದಳು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಹುಡುಗಿ ಅಲ್ಲಿ ಬಾಯಿಬಿಟ್ಟದ್ದು ಹಾಗೆ, ಲೆಕ್ಕ ಹೇಳುತ್ತಾ.

ಎದುರುಬದುರು ಕೂರಿಸಿ ‘ನಿನ್ನ ಮನಸ್ಸಿನಲ್ಲಿ ಏನಿದೆ ಹೇಳು’ ಎಂದರೆ ಈ ವಯಸ್ಸಿನವರು ಮುದುಡಿಕೊಳ್ಳುತ್ತಾರೆ. ಪಕ್ಕಪಕ್ಕ ನಡೆಯುವಾಗ, ಕಣ್ಣು ದಾರಿಯ ಮೇಲೆ, ಕೈಯಲ್ಲಿ ಕೆಲಸ ಇರುವಾಗ ಮಾತು ತಾನಾಗಿ ಬರುತ್ತದೆ. ಒಂದು ದಿನ ದೊಡ್ಡವಳು ತನ್ನ ಅಪ್ಪನ ವಿಷಯ ಹೇಳಿದಳು. ಇನ್ನೊಂದು ದಿನ ನೀರು ತುಂಬುವಾಗ ಚಿಕ್ಕವಳ ತೋಳು ಒದ್ದೆಯಾಗಿ ಬಟ್ಟೆ ಮೇಲೆ ಸರಿಯಿತು. ದೊಡ್ಡವಳು ನೋಡಿಬಿಟ್ಟಳು. ‘ಯಾರಿಗೂ ಹೇಳಬೇಡ ಕಣೇ, ಆಣೆ ಮಾಡು’ ಎಂದಳು ಇವಳು. ಅವಳು ಆಣೆ ಮಾಡಲಿಲ್ಲ. ಅವತ್ತು ರಾತ್ರಿಯೇ ಶಿಬಿರದ ಅಕ್ಕನ ಹತ್ತಿರ ಹೋಗಿ ಹೇಳಿಬಿಟ್ಟಳು.

ಇಲ್ಲಿ ಒಂದು ಮಾತು. ಹೊಡೆದಾಡುವ ಹುಡುಗಿ, ಕೆಟ್ಟ ಮನೆಯ ಹುಡುಗಿ ಎಂದು ಆ ಅಪ್ಪ ಯಾರನ್ನು ದೂರುತ್ತಿದ್ದರೋ ಅವಳೇ ಅವರ ಮಗಳ ಗಾಯವನ್ನು ಮೊದಲು ಕಂಡವಳು. ಗೆಳೆತನ ಹೋದರೆ ಹೋಗಲಿ ಎಂದು ದೊಡ್ಡವರಿಗೆ ತಿಳಿಸಿದವಳೂ ಅವಳೇ. ಚಿಕ್ಕವಳು ಸಿಟ್ಟಿನಲ್ಲಿ ಪಾಳಿ ಬದಲಿಸಿ ಎಂದು ಕೇಳಿದಳಂತೆ. ಶಿಬಿರದವರು ಬದಲಿಸಲಿಲ್ಲ. ನೀರಂತೂ ಬೇಕಲ್ವಾ? ಇಬ್ಬರೂ ಮುಖ ಊದಿಸಿಕೊಂಡೇ ಪಾತ್ರೆ ಹೊತ್ತರು, ಹೊರುತ್ತಾ ಹೊರುತ್ತಾ ಮತ್ತೆ ಮಾತಾಯಿತು.

ಶಿಬಿರದವರು ಮನೆಗೆ ಫೋನು ಮಾಡಿ, ಮುಗಿದ ಕೂಡಲೇ ಆಪ್ತಸಲಹೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅಪ್ಪ ಅಮ್ಮನಿಗೆ ಕೇಳಿಸಿದ್ದು ಮಾತ್ರ ‘ಶಿಬಿರದಲ್ಲಿ ಮಗಳು ಕೈ ಕುಯ್ದುಕೊಂಡಿದ್ದಾಳೆ’ ಎಂದು. ಗೀರುಗಳು ಅದಕ್ಕೂ ಎಷ್ಟೋ ಹಿಂದಿನವು.

ಚಿಕ್ಕವಳ ಜೊತೆ ಕೂತಾಗ ನಾನು ಮೊದಲು ಹೇಳಿದ್ದು: ನಿನ್ನ ಮಾತು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯ ಇದೆ ಎಂದು ಅನಿಸಿದರೆ ಮಾತ್ರ ಮನೆಯವರಿಗೆ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ. ಆಮೇಲೆ ನೇರವಾಗಿ ಕೇಳಿದೆ, ‘ಸಾಯಬೇಕು ಅಂತ ಅನಿಸುತ್ತಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ, ಕೇಳಿದ್ದರಿಂದ ಮಕ್ಕಳಿಗೆ ಹಗುರವೇ ಆಗುತ್ತದೆ. ‘ಸಾಯೋದಕ್ಕಲ್ಲ ಮೇಡಂ, ಒಳಗಡೆ ತಡೆಯೋಕೆ ಆಗದೇ ಇದ್ದಾಗ ಹೀಗೆ ಮಾಡಿದ್ರೆ ಸ್ವಲ್ಪ ಹೊತ್ತು ಸುಮ್ಮನಾಗತ್ತೆ’ ಎಂದಳು. ಕುಯ್ದುಕೊಳ್ಳುವ ಮಕ್ಕಳು ಜಾಸ್ತಿ ಹೇಳುವುದು ಇದನ್ನೇ. ಹಾಗೆಂದು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಇವತ್ತು ಸಾಯುವ ಉದ್ದೇಶ ಇಲ್ಲದಿದ್ದರೂ ಈ ಅಭ್ಯಾಸ ಇರುವವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚು. ಅದಕ್ಕೇ ಮನೋವೈದ್ಯರ ಹತ್ತಿರವೂ ಕಳಿಸಿದೆ. ಗಮನ ಸೆಳೆಯಲು ಮಾಡುತ್ತಾಳೆ ಎನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡಬಾರದು ಎಂದು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದೆ. ಗಮನ ಬೇಕಿದ್ದವಳು ಉದ್ದ ತೋಳಿನ ಅಂಗಿ ಹಾಕಿಕೊಳ್ಳುತ್ತಿದ್ದಳೇ?

ಇನ್ನು ಸಹವಾಸದ ಪ್ರಶ್ನೆ. ಅಪ್ಪನ ಹೆದರಿಕೆಯನ್ನು ನಾನು ತಳ್ಳಿಹಾಕಲಿಲ್ಲ, ಅದಕ್ಕೆ ಆಧಾರ ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ದಾರಿ ತಪ್ಪಬಹುದಾದ ಹುಡುಗರಿಗೆಂದು ಒಂದು ದೊಡ್ಡ ಯೋಜನೆ ಶುರುವಾಯಿತು. ಸಲಹೆ, ಪಾಠ, ಬೇಸಿಗೆ ಶಿಬಿರ ಎಲ್ಲವೂ ಇತ್ತು. ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಸುಮಾರು ಮೂವತ್ತು ವರ್ಷದ ನಂತರ ಆ ಹುಡುಗರನ್ನು ಹುಡುಕಿ ನೋಡಿ 1978ರಲ್ಲಿ ಬರೆದದ್ದು ಎಲ್ಲರನ್ನೂ ಬೆಚ್ಚಿಬೀಳಿಸಿತು. ಸಹಾಯ ಪಡೆದವರ ಬದುಕು, ಪಡೆಯದವರಿಗಿಂತ ಹಲವು ವಿಷಯಗಳಲ್ಲಿ ಕೆಟ್ಟದಾಗಿತ್ತು. 1999ರಲ್ಲಿ ಅವರೂ ಥಾಮಸ್ ಡಿಷನ್ ಮುಂತಾದವರೂ ಸೇರಿ ಬರೆದ ಲೇಖನದಲ್ಲಿ ಇನ್ನೊಂದು ಸಂಗತಿ ಬಂತು: ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದವರಲ್ಲೇ ಹಾನಿ ಎದ್ದು ಕಾಣುತ್ತಿತ್ತು. ತೊಂದರೆಯ ಮಕ್ಕಳನ್ನೇ ಒಂದು ಕಡೆ ಸೇರಿಸಿ ಸುಮ್ನೆ ಬಿಟ್ಟರೆ, ಒಬ್ಬ ಮಾಡಿದ ತಪ್ಪನ್ನು ಇನ್ನೊಬ್ಬ ನಕ್ಕು ಮೆಚ್ಚುತ್ತಾನೆ, ಆ ನಗುವೇ ಬಹುಮಾನವಾಗುತ್ತದೆ.

ಹಾಗಾದರೆ ಶಿಬಿರವೇ ಬೇಡವೇ? ಬೇಡ ಎನ್ನಲಾರೆ. 1954ರಲ್ಲಿ ಮುಜಾಫರ್ ಷೆರಿಫ್ ಎಂಬ ಮನೋವಿಜ್ಞಾನಿ ಒಕ್ಲಹೋಮಾದ ಒಂದು ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಸ್ಪರ್ಧೆಗೆ ಬಿಟ್ಟರು. ಇವತ್ತಾದರೆ ಅಂಥ ಪ್ರಯೋಗ ಮಾಡಲು ಯಾರೂ ಒಪ್ಪಲಾರರು, ಅದು ಬೇರೆ ಮಾತು. ಹುಡುಗರು ಎದುರು ಗುಂಪಿನ ಬಾವುಟ ಸುಡುವ ಮಟ್ಟಕ್ಕೆ ಹೋದರು. ಜೊತೆಗೆ ಕೂರಿಸಿ ಊಟ ಹಾಕಿದರು, ಸಿನಿಮಾ ತೋರಿಸಿದರು, ಜಗಳ ನಿಲ್ಲಲಿಲ್ಲ. ಶಿಬಿರದ ನೀರು ನಿಂತುಹೋಗಿ ಎಲ್ಲರೂ ಸೇರಿ ಸರಿಮಾಡಬೇಕಾದಾಗ, ಕೆಟ್ಟು ನಿಂತ ಟ್ರಕ್ಕನ್ನು ಒಂದೇ ಹಗ್ಗದಿಂದ ಎಳೆಯಬೇಕಾದಾಗ ನಿಧಾನವಾಗಿ ಮನಸ್ಸು ತಿರುಗಿತು. ಅಪ್ಪನಿಗೆ ಇದನ್ನು ಹೇಳಿ, ನಿಮ್ಮ ಮಗಳು ನೀರು ಹೊತ್ತದ್ದನ್ನು ಕೇಳಿದ್ದೀರಾ ಎಂದೆ. ಕೇಳಿರಲಿಲ್ಲ. ಅವಳನ್ನೇ ಒಳಗೆ ಕರೆದು ಹೇಳಿಸಿದೆ. ಹೇಳುತ್ತಾ ಹೇಳುತ್ತಾ ಅವಳು ಎದ್ದು ನಿಂತು ಹೆಜ್ಜೆ ಹಾಕಿ ತೋರಿಸಿದಳು. ಅಮ್ಮನ ಕೈ ಜಿಪ್ಪಿನ ಮೇಲೆ ನಿಂತುಬಿಟ್ಟಿತು.

ಆಮೇಲೆ ಅಪ್ಪ ಅಮ್ಮನಿಗೆ ಕೊಟ್ಟ ಸಲಹೆ ಹೀಗಿತ್ತು. ಗೆಳೆತನ ಮುರಿಯಬೇಡಿ. ಒಂದು ಗುಂಪು ಅವಳನ್ನು ಹೊರಗೆ ಹಾಕಿದೆ, ಈಗ ನೀವು ಇನ್ನೊಬ್ಬಳನ್ನು ಕಿತ್ತುಕೊಂಡರೆ ಅವಳ ಪಾಲಿಗೆ ಎರಡೂ ಒಂದೇ. ಕಾಡಿಸುವವರು ಎಷ್ಟೇ ಜನ ಇರಲಿ, ಒಬ್ಬಳು ಖರೆ ಗೆಳತಿ ಇದ್ದರೆ ಮಕ್ಕಳು ತಡೆದುಕೊಳ್ಳುತ್ತಾರೆ. ಆದರೆ ಶಿಬಿರದಲ್ಲಿ ಆ ಗೆಳೆತನಕ್ಕೆ ಒಂದು ಚೌಕಟ್ಟು ಇತ್ತು, ಕೈಗೆ ಕೆಲಸ ಇತ್ತು, ಹತ್ತಿರದಲ್ಲಿ ಒಬ್ಬ ಅಕ್ಕ ಇದ್ದಳು, ರಾತ್ರಿ ಹೊತ್ತಿಗೆ ನಿದ್ದೆ ಇತ್ತು. ಮನೆಗೆ ಬಂದ ಮೇಲೆ ಉಳಿದದ್ದು ಫೋನು ಮಾತ್ರ, ಅದೂ ಮಧ್ಯರಾತ್ರಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹಾಗಾಗಿ ಫೋನಿಗೆ ಒಂದು ಹೊತ್ತು ಗೊತ್ತು ಮಾಡಿ, ರಾತ್ರಿ ಎಲ್ಲರ ಫೋನೂ, ನಿಮ್ಮದೂ ಸೇರಿ, ರೂಮಿನ ಹೊರಗಿರಲಿ. ಆ ಹುಡುಗಿಯನ್ನು ಮನೆಗೆ ಕರೆಯಿರಿ. ಇಬ್ಬರೂ ಸೇರಿ ಮಾಡುವಂಥ ಏನಾದರೂ ಕೆಲಸ ಕೊಡಿ. ಪಕ್ಕದಲ್ಲಿ ಕೂತು ಕಾವಲು ಕಾಯಬೇಡಿ, ಮನೆಯಲ್ಲಿರಿ ಸಾಕು. ಬ್ಲೇಡು, ಚೂಪಾದ ವಸ್ತು, ಮಾತ್ರೆ ಕೈಗೆ ಸಿಗದ ಹಾಗೆ ಇಡಿ. ತೋಳು ತೋರಿಸು ಎಂದು ದಿನಾ ತಪಾಸಣೆ ಮಾಡಬೇಡಿ, ವಾರಕ್ಕೊಮ್ಮೆ ನನ್ನ ಹತ್ತಿರ ಬರುತ್ತಾಳಲ್ಲ, ಅದನ್ನು ನನಗೆ ಬಿಡಿ. ಗೆಳತಿ ಒಳ್ಳೆಯವಳೋ ಕೆಟ್ಟವಳೋ ಎಂದು ಅಳೆಯಬೇಕಿದ್ದರೆ ಅವಳ ಮನೆ ನೋಡಬೇಡಿ, ಅವಳ ಜೊತೆ ಮಾತಾಡಿದ ಮೇಲೆ ನಿಮ್ಮ ಮಗಳು ಊಟಕ್ಕೆ ಬರುತ್ತಾಳಾ, ಶಾಲೆಗೆ ಹೊರಡುತ್ತಾಳಾ, ಅದನ್ನು ನೋಡಿ. ಇಬ್ಬರೂ ಸೇರಿ ಕುಯ್ದುಕೊಳ್ಳುವ ಮಾತನ್ನೇ ಮತ್ತೆ ಮತ್ತೆ ಆಡುತ್ತಿದ್ದಾರೆ, ಒಬ್ಬರ ಗಾಯದ ಫೋಟೋ ಇನ್ನೊಬ್ಬರಿಗೆ ಹೋಗುತ್ತಿದೆ ಎಂದು ಗೊತ್ತಾದರೆ ಮಾತ್ರ ಅವತ್ತೇ ನನಗೆ ಹೇಳಿ.

ಶಿಬಿರ ಮುಗಿದ ಮೇಲಿನ ಅಳುವಿನ ಬಗ್ಗೆ ಅಮ್ಮ ಕೇಳಿದರು. ಅದು ಹದಗೆಟ್ಟ ಲಕ್ಷಣ ಆಗಬೇಕಿಲ್ಲ. ಹೇಳಿದ್ದನ್ನು ಕೇಳುವವರಿದ್ದ ಜಾಗ ಬಿಟ್ಟು, ಹಳೆಯ ಗುಂಪು ಇರುವ ಅದೇ ಶಾಲೆಗೆ ವಾಪಸ್ಸು ಹೋಗಬೇಕಲ್ಲ, ಆ ಸಂಕಟ. ಶಾಲೆಯ ಸಮಸ್ಯೆಯನ್ನು ಶಿಬಿರ ಮುಟ್ಟಿರಲೇ ಇಲ್ಲ. ಹಾಗಾಗಿ ಅಪ್ಪ ಶಾಲೆಗೆ ಹೋಗಿ ಮೆಸೇಜು ಹರಡಿದ ವಿಷಯ ಬರೆದುಕೊಟ್ಟರು, ಚಿಕ್ಕವಳ ಒಪ್ಪಿಗೆ ಪಡೆದು.

ಚಿಕ್ಕವಳಿಗೆ ಹೇಳಿದ್ದು ಕಡಿಮೆ. ಕುಯ್ದುಕೊಳ್ಳಬೇಕು ಅನಿಸಿದಾಗ ಹದಿನೈದು ನಿಮಿಷ ಮುಂದೂಡು, ಆ ಹೊತ್ತಿನಲ್ಲಿ ಜೋರಾಗಿ ನಡೆ, ಇಲ್ಲವೇ ತಣ್ಣೀರಿನಲ್ಲಿ ಕೈ ಇಡು, ಅಲೆ ಇಳಿಯುತ್ತದೆ. ಆಗಲೂ ತಡೆಯಲಾಗದಿದ್ದರೆ ಅಮ್ಮನನ್ನು ಎಬ್ಬಿಸು. ಗೆಳತಿಗೆ ಫೋನು ಮಾಡುವುದು ಅದಾದ ಮೇಲೆ. ಯಾಕೆಂದು ಕೇಳಿದಳು. ‘ಅವಳಿಗೂ 16 ವರ್ಷ ಅಷ್ಟೇ ಅಲ್ವಾ, ನಿನ್ನ ಜೀವ ಕಾಯುವ ಕೆಲಸ ಅವಳ ಹೆಗಲ ಮೇಲೆ ಬೇಡ. ಅವಳು ಗೆಳತಿಯಾಗಿರಲಿ’ ಎಂದೆ. ತುಂಬಾ ಹೊತ್ತು ಸುಮ್ಮನಿದ್ದು, ‘ಅವಳಿಗೆ ಯಾರಿದಾರೆ ಮೇಡಂ?’ ಎಂದಳು.

ಆ ಪ್ರಶ್ನೆಯಿಂದಲೇ ದೊಡ್ಡವಳ ಅಮ್ಮನಿಗೆ ಫೋನು ಹೋಯಿತು, ಚಿಕ್ಕವಳ ಅಮ್ಮನೇ ಮಾಡಿದರು. ಈಗ ದೊಡ್ಡವಳು ತನ್ನ ಶಾಲೆಯ ಆಪ್ತಸಲಹೆಗಾರರ ಹತ್ತಿರ ಹೋಗುತ್ತಿದ್ದಾಳೆ, ಅವಳ ಅಮ್ಮ ಕುಡಿತದ ಮನೆಯವರಿಗೆಂದೇ ಇರುವ ಒಂದು ಬೆಂಬಲ ಗುಂಪಿಗೆ ಸೇರಿದ್ದಾರೆ. ಅಪ್ಪನ ಕುಡಿತ ನಿಂತಿಲ್ಲ. ಚಿಕ್ಕವಳು ಒಮ್ಮೆ ಮತ್ತೆ ಕುಯ್ದುಕೊಂಡಳು, ಅವತ್ತು ತಾನೇ ಬಂದು ಅಮ್ಮನಿಗೆ ಹೇಳಿದಳು, ಅಮ್ಮ ಬೈಯಲಿಲ್ಲ. ಇಬ್ಬರೂ ಶನಿವಾರ ಈಜು ಕಲಿಯಲು ಹೋಗುತ್ತಾರೆ. ಕರೆದುಕೊಂಡು ಹೋಗಿ ಬಿಡುವವರು ಚಿಕ್ಕವಳ ಅಪ್ಪ.