ಸಿನಿಮಾ ಕತ್ತಿ ಮಾಡುವುದು ಹೇಗೆ? ಮೊದಲು ಅಳತೆ, ಪೇಂಟ್ ಆಮೇಲೆ

ಪ್ರಶ್ನೆ: ಸರ್, ನಮ್ಮೂರ ಜಾತ್ರೆಗೆ ಈ ಸಲ ಐತಿಹಾಸಿಕ ನಾಟಕ ಇದೆ, ರಾಜನ ಪಾತ್ರ ನನ್ನದು. ಒಂದು ಸಿನಿಮಾದಲ್ಲಿ ರಾಜ ಹಿಡಿಯುವ ಬಾಗಿದ ಕತ್ತಿ ಇದೆಯಲ್ಲ, ಹಿಡಿಯ ತುದಿಗೆ ದುಂಡನೆಯ ತಟ್ಟೆ ಇರುವಂಥದ್ದು, ಅದೇ ಬೇಕು ನನಗೆ. ಒಂದು ಸಲ ಪ್ಲೈವುಡ್‌ನಲ್ಲಿ ಕೊಯ್ದು ಸಿಲ್ವರ್ ಪೇಂಟ್ ಹೊಡೆದೆ. ಮಕ್ಕಳ ಆಟಿಕೆ ಥರ ಕಂಡಿತು. ಎಲ್ಲಿ ತಪ್ಪಿದೆ? (ಬೈಲಹೊಂಗಲದ ಓದುಗರು)

ಉತ್ತರ: ಪೇಂಟ್ ತಪ್ಪಿದೆ ಅಂತ ನೀವು ಅಂದುಕೊಂಡಿದ್ದೀರಿ, ಅಲ್ವಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನಾಟಕದ ಸಾಮಾನು ಮಾಡಲು ಶುರು ಮಾಡಿದಾಗ ನಾನೂ ಡಬ್ಬಿ ಮೇಲೆ ಡಬ್ಬಿ ಪೇಂಟ್ ಸುರಿದಿದ್ದೇನೆ. ತಪ್ಪು ಅದಕ್ಕಿಂತ ಮೊದಲೇ ಆಗಿರುತ್ತದೆ, ಅಳತೆಯಲ್ಲಿ ಮತ್ತು ದಪ್ಪದಲ್ಲಿ.

ಆದರೆ ಅದಕ್ಕೂ ಮೊದಲು ಒಂದು ವಿಷಯ. ಸಿನಿಮಾದಲ್ಲಿ ರಾಜನ ಕತ್ತಿ ಅಂದರೆ ಸಾಮಾನ್ಯವಾಗಿ ಒಂದೇ ಕತ್ತಿ ಅಲ್ಲ. ಕ್ಯಾಮೆರಾ ಹತ್ತಿರ ಬಂದಾಗ ಹಿಡಿಯುವುದು ಕೆತ್ತನೆ ಎಲ್ಲ ಇರುವ ಚೆಂದದ ಕತ್ತಿ. ಹೊಡೆದಾಟಕ್ಕೆ ಹಗುರವಾದ ಅಲ್ಯೂಮಿನಿಯಂ ಅಥವಾ ಫೈಬರ್‌ನದು. ಕುದುರೆಯಿಂದ ಬೀಳುವ ದೃಶ್ಯಕ್ಕೆ ರಬ್ಬರ್‌ದು. ಮೂರಕ್ಕೂ ಅಳತೆಯಲ್ಲಿ ಸ್ವಲ್ಪ ಫರಕು ಇರಬಹುದು. ನೀವು ಹಿಡಿಯನ್ನು ಒಂದು ದೃಶ್ಯದಿಂದ, ಅಲಗನ್ನು ಇನ್ನೊಂದು ದೃಶ್ಯದಿಂದ ತೆಗೆದುಕೊಂಡರೆ ಯಾವ ಸಿನಿಮಾದಲ್ಲೂ ಇಲ್ಲದ ಕತ್ತಿ ತಯಾರಾಗುತ್ತದೆ. ಒಂದನ್ನು ಆರಿಸಿಕೊಂಡು ಅದನ್ನೇ ಹಿಡಿದುಕೊಳ್ಳಿ.

ಈಗ ಅಳತೆ. ಕತ್ತಿ ಅಡ್ಡಲಾಗಿ, ಪರದೆಗೆ ಸಮನಾಗಿ ಕಾಣುವ ದೃಶ್ಯದಲ್ಲಿ ಸಿನಿಮಾ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೊನೆ ಕ್ಯಾಮೆರಾ ಕಡೆಗೋ ಆಚೆ ಕಡೆಗೋ ತಿರುಗಿದ್ದರೆ ಅಲಗಿನ ಉದ್ದ ಇದ್ದ ಹಾಗೆ ಕಾಣುವುದಿಲ್ಲ. ಅಂಥ ಚಿತ್ರ ಬೇಡ. ಟಿವಿಯಿಂದ ತೆಗೆದ ಚಿತ್ರವಾದರೆ ಅದು ಅಡ್ಡ ಎಳೆದದ್ದಲ್ಲ ತಾನೇ ಅಂತ ನೋಡಿಕೊಳ್ಳಿ. ಹಳೆಯ ಚೌಕ ಚಿತ್ರವನ್ನು ಅಗಲ ಟಿವಿ ತುಂಬ ಹಿಗ್ಗಿಸಿದಾಗ ಅಗಲ ಮೂರನೇ ಒಂದು ಭಾಗ ಜಾಸ್ತಿ ಆಗುತ್ತದೆ. ನೇರವಾಗಿ ಕಾಣುವ ಗುರಾಣಿಯೋ ಗಾಲಿಯೋ ಅದೇ ದೃಶ್ಯದಲ್ಲಿದ್ದರೆ ಅದು ದುಂಡಗಿದೆಯಾ ನೋಡಿ. ಮೊಟ್ಟೆಯಂತಿದ್ದರೆ ಆ ಚಿತ್ರ ಬಿಡಿ.

ಚಿತ್ರದ ಪ್ರಿಂಟ್ ತೆಗೆಸಿ ಸ್ಕೇಲ್ ಇಡಿ. ಹಿಡಿ ಹಿಡಿದ ನಾಲ್ಕು ಬೆರಳಿನ ಅಗಲ ದೊಡ್ಡವರಲ್ಲಿ ಸುಮಾರು ಎಂಟೂವರೆ ಸೆಂ.ಮೀ. ಪ್ರಿಂಟ್‌ನಲ್ಲಿ ಅದು 24 ಮಿ.ಮೀ., ಅಲಗು 225 ಮಿ.ಮೀ. ಬಂತು ಅಂತ ಇಟ್ಟುಕೊಳ್ಳಿ. 225ನ್ನು 24ರಿಂದ ಭಾಗಿಸಿ 8.5ರಿಂದ ಗುಣಿಸಿದರೆ ಹೆಚ್ಚೂಕಡಿಮೆ 80 ಸೆಂ.ಮೀ. ಅಲಗು. ಸುಲಭ ಅನಿಸಿತಾ? ಇಲ್ಲೇ ಮೋಸ ಇರುವುದು. ಆ ನಟನ ಕೈ ಅರ್ಧ ಸೆಂ.ಮೀ. ದೊಡ್ಡದಿದ್ದರೆ ನಿಮ್ಮ ಅಲಗು ನಾಲ್ಕೂವರೆ ಸೆಂ.ಮೀ.ಗಿಂತ ಜಾಸ್ತಿ ತಪ್ಪುತ್ತದೆ. ಸಣ್ಣದರಿಂದ ದೊಡ್ಡದನ್ನು ಅಳೆದರೆ ಹೀಗೇ. ಅದಕ್ಕೆ ಮೂರು ನಾಲ್ಕು ಬೇರೆ ಬೇರೆ ಚಿತ್ರದಲ್ಲಿ ಲೆಕ್ಕ ಹಾಕಿ. ಒಂದರಲ್ಲಿ ಬೆರಳು, ಇನ್ನೊಂದರಲ್ಲಿ ಮೊಣಕೈಯಿಂದ ಮುಷ್ಟಿವರೆಗಿನ ಉದ್ದ, ಮತ್ತೊಂದರಲ್ಲಿ ನೆಲಕ್ಕೆ ಊರಿದ ಕತ್ತಿ ಸೊಂಟದ ಎಲ್ಲಿಗೆ ಬರುತ್ತದೆ ಅನ್ನುವುದು. ಬಹಳ ದೂರ ಹೋದ ಲೆಕ್ಕ ಬಿಟ್ಟು ಉಳಿದವುಗಳ ನಡುವಿನದ್ದನ್ನು ಇಟ್ಟುಕೊಳ್ಳಿ. ಆ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, ಕನ್ನಡಿ ಮುಂದೆ ಹಿಡಿದು ನಿಂತು, ಸಿನಿಮಾದ ಚಿತ್ರ ಪಕ್ಕಕ್ಕೆ ಇಟ್ಟುಕೊಂಡು ನೋಡಿ. ಮರ ಕೊಯ್ಯುವ ಮೊದಲು ಮೂರು ರಟ್ಟು ಹಾಳಾದರೂ ಚಿಂತೆಯಿಲ್ಲ.

ಹಿಡಿಯ ಬಗ್ಗೆ ಒಂದು ಮಾತು. ತುದಿಗೆ ತಟ್ಟೆ ಇರುವ ಈ ಜಾತಿಯ ಕತ್ತಿಗೆ ತಲವಾರ ಅನ್ನುತ್ತಾರೆ. ಹಳೆಯ ತಲವಾರಗಳ ಹಿಡಿ ತುಂಬಾ ಸಣ್ಣದು, ಇವತ್ತಿನವರ ಮುಷ್ಟಿಗೆ ಬಿಗಿ ಅನಿಸುತ್ತದೆ. ಹಿಡಿಯಲು ಆರಾಮ ಇರಲಿ ಅಂತ ನಾನು ಮೊದಲ ಕತ್ತಿಯಲ್ಲಿ ಹಿಡಿಯನ್ನು ಎರಡು ಬೆರಳು ಉದ್ದ ಮಾಡಿದ್ದೆ. ವೇದಿಕೆ ಮೇಲೆ ರಾಜ ಸಾರಿನ ಸೌಟು ಹಿಡಿದಂತೆ ಕಂಡ. ನಿಮಗೆ ಕಿತ್ತೂರು ಹತ್ತಿರ, ಕೋಟೆಯ ಮ್ಯೂಸಿಯಂನಲ್ಲಿ ಕತ್ತಿಗಳಿವೆ, ಹೋಗಿ ನೋಡಿ. ವಿಜಯಪುರದ ಕಡೆ ಹೋದರೆ ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ಮ್ಯೂಸಿಯಂನಲ್ಲೂ ಹಳೆಯ ಆಯುಧ ಇಟ್ಟಿದ್ದಾರೆ. ಸಿನಿಮಾದವರು ಕೂಡ ಇಂಥವನ್ನೇ ನೋಡಿ ಮಾಡಿರುತ್ತಾರೆ. ಚಿತ್ರದಲ್ಲಿ ಮಸುಕಾಗಿ ಕಾಣುವುದು ಏನು ಅಂತ ಅಸಲಿ ಕತ್ತಿ ನೋಡಿದರೆ ತಟ್ಟನೆ ಗೊತ್ತಾಗುತ್ತದೆ.

ಇನ್ನು ನಿಮ್ಮ ಪ್ಲೈವುಡ್. ಅಸಲಿ ಅಲಗು ಹಿಡಿಯ ಹತ್ತಿರ ದಪ್ಪ, ಮೊನೆಯ ಕಡೆ ಹೋಗುತ್ತಾ ತೆಳ್ಳಗೆ. ಪ್ಲೈವುಡ್ ಈ ತುದಿಯಿಂದ ಆ ತುದಿವರೆಗೆ ಒಂದೇ ದಪ್ಪ, ಅಂಚು ಬೇರೆ ಚಪ್ಪಟೆ. ಕಣ್ಣು ಅದನ್ನು ಒಂದೇ ಕ್ಷಣದಲ್ಲಿ ಹಿಡಿದುಬಿಡುತ್ತದೆ. ಜೊತೆಗೆ ಅಂಚಿನ ಇಳಿಜಾರು ಶುರುವಾಗುವ ಗೆರೆ ಇದೆಯಲ್ಲ, ಅದು ಚೂಪಾಗಿರಬೇಕು. ಆಗ ಬೆಳಕು ಬಿದ್ದರೆ ಒಂದು ಭಾಗ ಬೆಳ್ಳಗೆ, ಒಂದು ಭಾಗ ಕಪ್ಪಗೆ ಕಾಣುತ್ತದೆ, ಕಬ್ಬಿಣ ಅನಿಸುವುದು ಅದರಿಂದಲೇ. ಪಾಲಿಶ್ ಪೇಪರನ್ನು ಬರೀ ಕೈಯಲ್ಲಿ ಹಿಡಿದು ತಿಕ್ಕಿದರೆ ಆ ಗೆರೆ ದುಂಡಗಾಗಿ ಹೋಗುತ್ತದೆ. ಸಪಾಟು ಮರದ ತುಂಡಿಗೆ ಸುತ್ತಿ ತಿಕ್ಕಿ.

ಮರದಲ್ಲೇ ಮಾಡುವುದಾದರೆ ಇನ್ನೊಂದು ಎಚ್ಚರಿಕೆ. ನೇರ ಹಲಗೆಯಲ್ಲಿ ಬಾಗಿದ ಕತ್ತಿ ಕೊಯ್ದರೆ ಬಾಗಿದ ಕಡೆ ಮರದ ಎಳೆ ಅಡ್ಡ ಕಡಿದುಹೋಗುತ್ತದೆ. ಜೋರಾಗಿ ಬೀಸಿದ ದಿನ ಅಲ್ಲೇ ಮುರಿಯುತ್ತದೆ. ಮೂರು ಮಿ.ಮೀ. ದಪ್ಪದ ಪಟ್ಟಿಗಳನ್ನು, ಒಂದರ ಮೇಲೊಂದು ಇಟ್ಟರೆ ಅಲಗಿನ ಅಗಲ ಬರುವಷ್ಟು ತೆಗೆದುಕೊಂಡು, ನಡುವೆ ಫೆವಿಕಾಲ್ ಹಚ್ಚಿ, ಬೇಕಾದ ಬಾಗಿಗೆ ಹಲಗೆ ಮೇಲೆ ಮೊಳೆ ಹೊಡೆದು ಅದರ ನಡುವೆ ಒತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಳೆ ಸಮೇತ ಬಾಗಿದ ಪಟ್ಟಿ ಸಿಗುತ್ತದೆ. ಆಮೇಲೆ ಉಳಿ, ಅರ, ಪೇಪರ್. ನಿಮ್ಮೂರ ಬಡಿಗೇರರಿಗೆ ಹೇಳಿದರೆ ಕೂಡಲೇ ತಿಳಿಯುತ್ತದೆ.

ಪೇಂಟ್ ಕೊನೆಗೆ. ಸಂದುಗಳಿಗೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, 220, 400, ಕೊನೆಗೆ 1000 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ತಿಕ್ಕಿ. ಸಿಲ್ವರ್ ನೇರವಾಗಿ ಹೊಡೆಯಬೇಡಿ. ಮೊದಲು ಹೊಳೆಯುವ ಕಪ್ಪು, ಅದು ಪೂರ್ತಿ ಒಣಗಿದ ಮೇಲೆ ಸಿಲ್ವರ್‌ನ ತೆಳು ಕೋಟು. ಕೆಳಗಿನ ಕಪ್ಪಿನಿಂದಲೇ ಆಳ ಬರುತ್ತದೆ. ಅಲಗು ಸ್ವಲ್ಪ ಹಳೆಯದಾಗಿ ಕಾಣಬೇಕಾದರೆ ಕಪ್ಪಿನ ಮೇಲೆ ಸಿಲ್ವರ್ ಬದಲು ಗ್ರಾಫೈಟ್ ಪುಡಿ ಬಟ್ಟೆಯಿಂದ ತಿಕ್ಕಿ ನೋಡಿ, ನನಗೆ ಇದೇ ಹೆಚ್ಚು ಇಷ್ಟ. ಹಿಡಿಯ ಬಳ್ಳಿ ಕೆತ್ತನೆಗೆ ಮೆಹಂದಿ ಕೋನ್ ಸಾಕು. ಫೆವಿಕಾಲ್ ಮತ್ತು ಸೀಮೆಸುಣ್ಣದ ಪುಡಿ ಕಲಸಿ ಕೋನ್‌ಗೆ ತುಂಬಿ, ಮದುವೆ ಮನೆಯಲ್ಲಿ ಕೈಗೆ ಹಾಕುವ ಹಾಗೇ ಹಾಕಿ. ನಿಮಗಿಂತ ನಿಮ್ಮ ತಂಗಿಯೋ ಅತ್ತಿಗೆಯೋ ಚೆನ್ನಾಗಿ ಹಾಕುತ್ತಾರೆ, ಅವರನ್ನೇ ಕೇಳಿ. ಒಣಗಿದ ಮೇಲೆ ಕೆಂಪುಗಂದು ಬಣ್ಣ, ಅದರ ಮೇಲೆ ಬಂಗಾರದ ಬಣ್ಣ. ಕೊನೆಗೆ ತೆಳು ಕಪ್ಪು ಬಳಿದು ತಕ್ಷಣ ಒರೆಸಿ, ಸಂದಿನಲ್ಲಿ ಮಾತ್ರ ಉಳಿಯಲಿ.

ಪ್ರಶ್ನೆ: ಶಾಲೆಯ ಗ್ಯಾದರಿಂಗ್‌ಗೆ ಹತ್ತು ಮಕ್ಕಳಿಗೆ ಕತ್ತಿ ಬೇಕು. ಮರದ್ದು ಮಾಡಿಸಲಾ? (ಗೋಕಾಕದ ಶಿಕ್ಷಕಿ)

ಉತ್ತರ: ಗೋಕಾಕದಲ್ಲಿ ಮರದ ಗೊಂಬೆ ಮಾಡುವವರು ಇರುವಾಗ ಮರ ಬೇಡ ಅನ್ನಲು ನನಗೇ ಸಂಕಟ. ಆದರೂ ಬೇಡ ಮೇಡಂ. ಮಕ್ಕಳು ಹೊಡೆದಾಡಿಯೇ ಆಡುತ್ತಾರೆ. ಇವಿಎ ಫೋಮ್ ತನ್ನಿ, ನೆಲಕ್ಕೆ ಹಾಸುವ ಜೋಡಣೆ ಮ್ಯಾಟ್ ಇರುತ್ತದಲ್ಲ, ಅದೇ. ನಡುವೆ ಬಿದಿರಿನ ಸೀಳು ಇಟ್ಟು ಎರಡೂ ಕಡೆ ಫೋಮ್ ಅಂಟಿಸಿ. ಬಿದಿರು ಮೊನೆಗಿಂತ ಒಂದು ಗೇಣು ಹಿಂದೆಯೇ ನಿಲ್ಲಲಿ, ಅದರ ತುದಿ ದುಂಡಗಿರಲಿ. ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಿ. ಒತ್ತಿದ ಮೇಲೆ ಸರಿಸಲು ಬರುವುದಿಲ್ಲ, ಒಂದೇ ಸಲಕ್ಕೆ ಸರಿ ಕೂರಬೇಕು. ಕಿಟಕಿ ತೆಗೆದಿಟ್ಟು ದೊಡ್ಡವರೇ ಮಾಡಿ, ಆ ವಾಸನೆ ಒಳ್ಳೆಯದಲ್ಲ. ಪೇಂಟಿಗೆ ಮೊದಲು ನೀರು ಬೆರೆಸಿದ ಫೆವಿಕಾಲ್ ಮೂರು ನಾಲ್ಕು ಕೋಟು ಕೊಡಿ, ಇಲ್ಲದಿದ್ದರೆ ಫೋಮ್ ಪೇಂಟನ್ನು ಕುಡಿಯುತ್ತಲೇ ಇರುತ್ತದೆ.

ಪ್ರಶ್ನೆ: ಕತ್ತಿಗೆ ಕೊನೆಯಲ್ಲಿ ಹೊಳಪಿಗೆ ಹೊಡೆಯುವ ಲ್ಯಾಕರ್ ಹೊಡೆದೆ, ಬೂದಿ ಬಡಿದಂತೆ ಬೆಳ್ಳಗಾಯಿತು. ಪೇಂಟ್ ಕೆಟ್ಟದ್ದಾ? (ಬೆಳಗಾವಿಯ ಓದುಗರು)

ಉತ್ತರ: ಮಳೆಗಾಲದಲ್ಲಿ ಹೊಡೆದಿರಬೇಕು. ಲ್ಯಾಕರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರಲ್ಲಿ ಸೇರಿಕೊಳ್ಳುತ್ತದೆ, ಅದೇ ಬಿಳುಪು. ಬಿಸಿಲು ಬಿದ್ದ ದಿನ ಥಿನ್ನರ್ ತೆಳುವಾಗಿ ಸ್ಪ್ರೇ ಮಾಡಿದರೆ ಬಹಳ ಸಲ ಹೋಗುತ್ತದೆ, ಆದರೆ ಮೂಲೆಯಲ್ಲಿ ಒಂದು ಕಡೆ ಮೊದಲು ನೋಡಿ, ಕೆಳಗಿನ ಸಿಲ್ವರ್ ಕರಗಬಾರದು. ವಿಜಯಪುರದ ಬೇಸಿಗೆಯವರಿಗೆ ಈ ತೊಂದರೆ ಇಲ್ಲ, ಅವರಿಗೆ ಧೂಳು.

ಪ್ರಶ್ನೆ: ನಮ್ಮೂರ ಕಂಬಾರರು ಉಕ್ಕಿನಲ್ಲೇ ಮಾಡಿಕೊಡುತ್ತೇನೆ ಅನ್ನುತ್ತಾರೆ, ಹರಿತ ಸಮೇತ. ಅದೇ ಅಸಲಿ ಅಲ್ವಾ? (ಜಮಖಂಡಿಯ ಓದುಗರು)

ಉತ್ತರ: ಅಸಲಿ ಅಂದರೆ ನಿಜವಾದ ಆಯುಧವೇ ಆಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆ ಹರಿತ ಆಯುಧಗಳನ್ನೂ ಶಸ್ತ್ರ ಅಂತಲೇ ಎಣಿಸುತ್ತದೆ. ಲೋಹದ್ದೇ ಬೇಕಾದರೆ ಫೋಟೋಕ್ಕೆ ಮೂರು ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಸಾಕು, ಅಂಚು ಎರಡು ಮಿ.ಮೀ. ದಪ್ಪ ಮೊಂಡಾಗಿಯೇ ಇರಲಿ. ಅರ ಹಾಕುವ ಮೊದಲು ಅರಕ್ಕೇ ಸೀಮೆಸುಣ್ಣ ಉಜ್ಜಿ, ಅದರ ಹಲ್ಲಿನಲ್ಲಿ ಅಲ್ಯೂಮಿನಿಯಂ ಕಚ್ಚಿಕೊಳ್ಳುವುದಿಲ್ಲ. ಕಬ್ಬಿಣಕ್ಕೆ ಹಿಡಿಯುವ ಗ್ರೈಂಡರ್ ಕಲ್ಲಿಗೆ ಮಾತ್ರ ಕೊಡಬೇಡಿ, ಕಲ್ಲು ಕಟ್ಟಿಕೊಂಡು ಒಡೆಯುವ ಅಪಾಯ ಇದೆ. ಮೆರವಣಿಗೆಗೆ ಒಯ್ಯುವುದಿದ್ದರೆ, ಅದು ಫೋಮಿನದೇ ಆಗಿದ್ದರೂ, ಠಾಣೆಗೆ ಮೊದಲೇ ಒಂದು ಮಾತು ತಿಳಿಸಿ, ಬಸ್ಸಿನಲ್ಲಿ ಬಟ್ಟೆ ಸುತ್ತಿ ತನ್ನಿ. ನಾಟಕದ ದಿನ ರಾಜ ಠಾಣೆಯಲ್ಲಿ ಕೂತರೆ ಪರದೆ ಏಳುವುದು ಹೇಗೆ?